ಸಾಬುವಿಗೆ ಕೊಟ್ಟ ಪಾತ್ರ, ನಮಗೆ ಕೊಟ್ಟ ಪಾತ್ರ



ಸಾಲಿ ಗ್ಯಾದರಿಂಗಿನ ನಾಟಕದಾಗ ರಾಜನ ಪಾತ್ರ ಯಾರಿಗೆ ಹೋಗುತ್ತಿತ್ತು, ನೆನಪದ ಏನು? ಗೌಡರ ಮನೆಯ ಹುಡುಗನಿಗೆ. ಪಂಜು ಹಿಡಿಯೋದು, ಬಾಗಿಲು ಕಾಯೋದು, 'ಅಪ್ಪಣೆ ಧಣಿ' ಅನ್ನೋದು ನಮಗೆ. ಮಾದನಹಿಪ್ಪರಗಾದಿಂದ ಹಾಸ್ಟೆಲಿಗೆ ಬಂದ ನಾವು ಆ ಪಂಜು ಹಿಡಿದವರೇ. ನಮಗೆ ಮಾತು ಬರುತ್ತದೋ ಇಲ್ಲವೋ ಅಂತ ಯಾರೂ ಕೇಳಲಿಲ್ಲ. ಮಾರಿ ನೋಡಿ, ಕೇರಿ ನೋಡಿ ಪಾತ್ರ ಹಂಚಿದರು.

ಆ ಸಿಟ್ಟು ಎದೆಯಲ್ಲಿಟ್ಟುಕೊಂಡೇ ಸಾಬುವಿನ ಕಥೆ ತಿಳಿಯಬೇಕು. ಹಾಲಿವುಡ್ಡಿನಲ್ಲಿ ಹೆಸರು ಮಾಡಿದ ಈ ನಟ ನಮ್ಮ ನಾಡಿನವನೇ. 1924ರಲ್ಲಿ ಮೈಸೂರು ಸೀಮೆಯ ಕಾರಾಪುರದಲ್ಲಿ ಹುಟ್ಟಿದ, ಬಡ ಮುಸಲ್ಮಾನ ಮಾವುತನ ಮಗ. ಅಪ್ಪ ಬೇಗ ಸತ್ತ. ಸಿನಿಮಾ ಮಾಡಲು ಬಂದ ರಾಬರ್ಟ್ ಫ್ಲಾಹರ್ಟಿಯ ತಂಡದವರ ಕಣ್ಣಿಗೆ ಬಿದ್ದ. 1937ರಲ್ಲಿ 'ಎಲಿಫೆಂಟ್ ಬಾಯ್' ತೆರೆಗೆ ಬಂತು. ಆನೆಲಾಯದ ಹುಡುಗ ಲೋಕಪ್ರಸಿದ್ಧನಾದ. 1940ರಲ್ಲಿ 'ಥೀಫ್ ಆಫ್ ಬಾಗ್ದಾದ್', 1942ರಲ್ಲಿ 'ಜಂಗಲ್ ಬುಕ್'ನ ಮೋಗ್ಲಿ. 1944ರಲ್ಲಿ ಅಮೆರಿಕದ ಪ್ರಜೆಯಾದ. ಮಹಾಯುದ್ಧದಲ್ಲಿ ಯುದ್ಧವಿಮಾನದ ಬಾಲದಲ್ಲಿ ಕೂತು ಬಂದೂಕು ನಡೆಸಿ ಶೌರ್ಯಪದಕ ಪಡೆದ.

ಅಷ್ಟಾದ ಮೇಲೆ ಅವನಿಗೆ ಸಿಕ್ಕಿದ್ದೇನು? ಬಹುತೇಕ ಅದೇ ರುಮಾಲು, ಅದೇ ಬರಿಮೈ. ಕಾಡಿನ ಹುಡುಗ, ಇಲ್ಲವೇ ಯಾವುದೋ ದೂರದೇಶದ ರಾಜಕುಮಾರ. 1947ರಲ್ಲಿ ಅಮೆಜಾನ್ ಕಾಡಿನ ಬುಡಕಟ್ಟಿನವನ ಪಾತ್ರವನ್ನೂ ಅವನಿಂದಲೇ ಮಾಡಿಸಿದರು. ಅದೇ ವರ್ಷದ 'ಬ್ಲ್ಯಾಕ್ ನಾರ್ಸಿಸಸ್'ನಲ್ಲಿ ಹಿಮಾಲಯದ ಹುಡುಗಿಯಾದವಳು ಜೀನ್ ಸಿಮನ್ಸ್ ಎಂಬ ಇಂಗ್ಲಿಷ್ ನಟಿ, ಮೈಗೆ ಕಂದು ಬಣ್ಣ ಬಳಿದುಕೊಂಡು! ಬಿಳಿಯರು ಬಣ್ಣ ಹಚ್ಚಿಕೊಂಡು ಯಾರಾದರೂ ಆಗಬಹುದು. ಮಾವುತನ ಮಗ ಮಾತ್ರ ಅಮೆರಿಕದ ಡಾಕ್ಟರೋ ಮಾಸ್ತರೋ ಆಗಬಾರದು. ಇದಕ್ಕೆ ನಮ್ಮೂರಲ್ಲಿ ಏನಂತಾರೆ ಅನ್ನೋದು ನಿಮಗೆ ಗೊತ್ತೇ ಇದೆ.

ಸಾಬುವಿನ ತಪ್ಪನ್ನೂ ಮುಚ್ಚಿಡಬೇಕಾಗಿಲ್ಲ. 1938ರ 'ದಿ ಡ್ರಮ್'ನಲ್ಲಿ ಅವನು ಬ್ರಿಟಿಷರ ಪರ ನಿಲ್ಲುವ ರಾಜಕುಮಾರ. ಮುಂಬೈಯಲ್ಲಿ ಜನ ಆ ಚಿತ್ರದ ವಿರುದ್ಧ ಬೀದಿಗಿಳಿದರು. ಸರಿಯೇ. ಆದರೆ ಹದಿನಾಲ್ಕು ವರ್ಷದ ಹುಡುಗನನ್ನು ಕೇಳುವ ಮೊದಲು ಕಥೆ ಬರೆದವರನ್ನು ಕೇಳಬೇಕಲ್ಲವೇ?

'ದುಡ್ಡು ಬಂತು, ಹೆಸರು ಬಂತು, 1960ರಲ್ಲಿ ಹಾಲಿವುಡ್ಡಿನ ಬೀದಿಯಲ್ಲಿ ಅವನ ಹೆಸರಿನ ನಕ್ಷತ್ರ ಕೆತ್ತಿದರು, ಇನ್ನೇನು ಬೇಕಿತ್ತು?' ಅನ್ನೋರು ಇದ್ದಾರೆ. ನಮಗೂ ಇದೇ ಮಾತು ಹೇಳ್ತಾರೆ: ಸೀಟು ಸಿಕ್ತು, ಸ್ಕಾಲರ್‌ಶಿಪ್ ಸಿಕ್ತು, ಇನ್ನೇನು ಬೇಕು? ಬೇಕಾದದ್ದು ಇಷ್ಟೇ. ಒಳಗೆ ಬಿಟ್ಟ ಮೇಲೆ ಪಾತ್ರವನ್ನು ಹುಟ್ಟು ನೋಡಿ ಕೊಡಬಾರದು.

1963ರ ಡಿಸೆಂಬರಿನಲ್ಲಿ, ಮೂವತ್ತೊಂಬತ್ತನೆಯ ವಯಸ್ಸಿಗೇ, ಸಾಬು ಹೃದಯಾಘಾತದಿಂದ ಸತ್ತ. ಸತ್ತ ಮೇಲೆ ಬಿಡುಗಡೆಯಾದ ಕೊನೆಯ ಚಿತ್ರದಲ್ಲಿ ಅವನು ಹುಲಿ ಪಳಗಿಸುವವ. ಆನೆಯಿಂದ ಹುಲಿಗೆ! ಇಪ್ಪತ್ತಾರು ವರ್ಷದ ಬದುಕಿಗೆ ಅಷ್ಟೇ ಬಡ್ತಿ. ಅವನನ್ನು ಹೆತ್ತ ದೇಶದ ಒಂದು ಚಿತ್ರದಲ್ಲೂ ಅವನು ನಟಿಸಲಿಲ್ಲ.

ಅವನ ಕೈಯಲ್ಲಿ ಬರೆಯುವ ಪೆನ್ನು ಇರಲಿಲ್ಲ. ನಮ್ಮ ಕೈಯಲ್ಲಿ ಅದ. ಈ ಸಲ ಗ್ಯಾದರಿಂಗಿನ ನಾಟಕ ನಾವೇ ಬರೆಯೋಣ. ರಾಜ ಬೇಕೋ ಬೇಡವೋ ಆಮೇಲೆ ನೋಡೋಣ. ಪಂಜು ಹಿಡಿಯೋ ಕೆಲಸಕ್ಕೆ ಎಲ್ಲರ ಹೆಸರೂ ಬರೆದು ಪಾಳಿ ಹಚ್ಚೋಣ.