ಆರೆಂಜ್ ಸ್ಲೈಡರ್‌ನಿಂದ ಕೈ ತೆಗೀರಿ

1/7

ಲೈಟ್‌ರೂಮ್ ತೆಗೀರಿ. ಕಲರ್ ಮಿಕ್ಸ್‌ಗೆ ಹೋಗಿ ಆರೆಂಜ್ ಚುಕ್ಕಿ ಒತ್ತಿ. ಲ್ಯೂಮಿನೆನ್ಸ್ ಅಂತ ಒಂದು ಸ್ಲೈಡರ್ ಇದೆಯಲ್ಲ, ಅದನ್ನ ಬಲಕ್ಕೆ ಎಳೆದ್ರೆ ಫೋಟೊದಲ್ಲಿರೋರೆಲ್ಲ ಬೆಳ್ಳಗಾಗ್ತಾರೆ. ಜೊತೆಗೆ ಸ್ಯಾಚುರೇಷನ್ ಸ್ವಲ್ಪ ಎಡಕ್ಕೆ ಎಳೆದ್ರೆ ಇನ್ನೂ ಬೆಳ್ಳಗೆ. ಮನುಷ್ಯರ ಚರ್ಮ, ಯಾರದ್ದೇ ಆಗಲಿ, ಹೆಚ್ಚುಕಮ್ಮಿ ಆ ಆರೆಂಜ್ ಒಳಗೇ ಬರುತ್ತೆ. ಹಾಗಾಗಿ ಎರಡು ಸೆಕೆಂಡಿನ ಕೆಲಸ. ನೀವು ದುಡ್ಡು ಕೊಟ್ಟು ಡೌನ್‌ಲೋಡ್ ಮಾಡ್ಕೊಳ್ಳೋ 'ಕಪಲ್ ಪ್ರೀಸೆಟ್', 'ಫ್ಯಾಮಿಲಿ ಪ್ರೀಸೆಟ್' ಒಂದನ್ನ ಹಾಕಿ, ಆಮೇಲೆ ಆ ಸ್ಲೈಡರ್ ಎಲ್ಲಿ ಹೋಗಿ ನಿಂತಿದೆ ಅಂತ ನೀವೇ ನೋಡಿ.

ಈ ಸೀರೀಸ್ ಅದರ ವಿರುದ್ಧ. ಏಳು ಪೋಸ್ಟ್ ಇದೆ, ಉದ್ದ ಇದೆ. ರೀಲ್ಸ್ ನೋಡೋಕೆ ಬಂದೋರು ಹಾಗೇ ಮೇಲೆ ತಳ್ಕೊಂಡು ಹೋಗಿ, ಬೇಜಾರಿಲ್ಲ. ಆದರೆ ನಮ್ಮ ಕ್ಲಾಸಲ್ಲೇ ಈಗ ಆರು ಜನ ಶನಿವಾರ ಭಾನುವಾರ ಔಟ್‌ಡೋರ್ ಶೂಟ್‌ಗೆ ಹೋಗ್ತಿದ್ದೀರ, ಇಬ್ಬರು ಜೂನಿಯರ್‌ಗಳಿಗೆ ಕಲಿಸೋಕೂ ಶುರು ಮಾಡಿದ್ದೀರ. ನೀವು ಮಾತ್ರ ಹೋಗಬೇಡಿ. ಇದು ನಿಮಗೇ.

2/7

ನಮ್ಮ ಮಾವ ಬಸ್ ಡ್ರೈವರ್. ಇಪ್ಪತ್ತೆರಡು ವರ್ಷದ ಸರ್ವಿಸ್. ಡ್ರೈವರ್ ಕೈ ಯಾವತ್ತಾದ್ರೂ ಗಮನಿಸಿದ್ದೀರಾ? ನಮ್ಮಲ್ಲಿ ಸ್ಟೀರಿಂಗ್ ಬಲಗಡೆ, ಪಕ್ಕದ ಕಿಟಕಿನೂ ಬಲಗಡೆ, ಬಿಸಿಲು ಬೀಳೋದು ಬಲಗೈ ಮೇಲೆ. ಮಾವ ಎರಡೂ ಕೈ ಜೋಡಿಸಿ ಇಟ್ಟರೆ ಇಬ್ಬರು ಬೇರೆ ಬೇರೆ ಮನುಷ್ಯರ ಕೈ ಇಟ್ಟಂಗಿರುತ್ತೆ. ಚಿಕ್ಕವರಿದ್ದಾಗ ನಾವು ಅದನ್ನ ನೋಡಿ ನಗ್ತಿದ್ವಿ. ಮಾವನೂ ನಗ್ತಿದ್ರು.

ಮಗಳ ಮದುವೆಗೆ ಮುಂಚೆ ಮನೆಯವರೆಲ್ಲ ಸೇರಿ ಒಂದು ಔಟ್‌ಡೋರ್ ಶೂಟ್ ಮಾಡಿಸಿದ್ರು. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಂಡೆ. ಸ್ಟುಡಿಯೋ ಹೆಸರು ಬೇಡ. ಸಂಜೆ ಬೆಳಕು ಚೆನ್ನಾಗಿತ್ತು, ಹುಡುಗರು ಚುರುಕಾಗಿದ್ರು, ಎಲ್ಲ ಸರಿ. ಮೂರು ವಾರ ಬಿಟ್ಟು ಆಲ್ಬಮ್ ಬಂತು. ಅಜ್ಜಿ, ಅತ್ತೆ, ಮಾವ, ಮಗಳು, ಮದುವೆ ಹುಡುಗ, ಅವರಣ್ಣನ ಎಂಟು ತಿಂಗಳ ಮಗು, ಎಲ್ಲರೂ ಒಂದೇ ಬಣ್ಣ. ಒಂದೇ ಡಬ್ಬಿ ಪೇಂಟ್ ತಗೊಂಡು ಸಾಲಾಗಿ ಬಳಿದಂಗೆ. ಅಜ್ಜಿ ಕೆನ್ನೆ ಮೇಲಿನ ಅರಿಶಿನ ಮಾಯ (ಸ್ಲೈಡರ್‌ಗೆ ಅರಿಶಿನವೂ ಚರ್ಮಾನೇ, ಅದಕ್ಕೇನು ಗೊತ್ತು). ಮಾವನ ಎರಡೂ ಕೈ ಒಂದೇ ಥರ ಆಗೋಗಿತ್ತು.

ಮಾವ ಆ ಪುಟಾನ ತುಂಬ ಹೊತ್ತು ನೋಡಿದ್ರು. 'ಚೆನ್ನಾಗ್ ಬಂದೈತೆ' ಅಂದ್ರು. ಸ್ವಲ್ಪ ಹೊತ್ತಾದ್ಮೇಲೆ, 'ಒಂದಿನಾನೂ ಡ್ಯೂಟಿಗೆ ಹೋಗ್ದೇ ಇರೋನ್ ಥರ ಇದ್ದೀನಿ' ಅಂದ್ರು.

ಮಗಳ ಫೋಟೊ ಇನ್ನೂ ಮೋಸ. ಮುಖಕ್ಕೆ ಮಾತ್ರ ಮಾಸ್ಕ್ ಹಾಕಿದ್ದಾರೆ, ಕುತ್ತಿಗೆ ಮರೆತಿದ್ದಾರೆ. ಯಾರಾದ್ರೂ ಮನೆಗೆ ಬಂದಾಗ ಆ ಪುಟ ತೋರಿಸುವಾಗ ಅವಳು ಹೆಬ್ಬೆರಳಲ್ಲಿ ಕುತ್ತಿಗೆ ಮುಚ್ಚಿ ಹಿಡೀತಾಳೆ. 28,000 ರೂಪಾಯಿ ಕೊಟ್ಟ ಆಲ್ಬಮ್ ಅದು. ಮನೇಲಿ ಯಾರೂ ಬಣ್ಣ ಬದಲಿಸಿ ಅಂತ ಕೇಳಿರಲಿಲ್ಲ.

3/7

ಆ ಹುಡುಗರಿಗೆ ಇದನ್ನ ಯಾರು ಹೇಳಿಕೊಟ್ಟರು?

ಕಳೆದ ವರ್ಷ ನಾನೊಂದು ವರ್ಕ್‌ಶಾಪ್‌ಗೆ ಹೋಗಿದ್ದೆ. ಔಟ್‌ಡೋರ್ ಪೋರ್ಟ್ರೇಟ್, ಎರಡು ದಿನ, ಊಟ ಸೇರಿ 4,500 ರೂಪಾಯಿ. ಜಾಗ ಮೇಲುಕೋಟೆ ರಾಯಗೋಪುರದ ಹತ್ತಿರ, ಇನ್ನೆಲ್ಲಿ. ಕರೆಸಿದ್ದ ಮಾಡೆಲ್ ಜೋಡಿ ಇಬ್ಬರೂ ತುಂಬ ಬೆಳ್ಳಗಿದ್ದರು. ಅದು ಅವರ ತಪ್ಪಲ್ಲ ಬಿಡಿ. ಕಲಿಯೋಕೆ ಬಂದಿದ್ದ ಹದಿನೆಂಟು ಜನದಲ್ಲಿ ಅವರಷ್ಟು ಬೆಳ್ಳಗೆ ಒಬ್ಬರೂ ಇರಲಿಲ್ಲ. ಸಂಜೆ ಐದರಿಂದ ಆರೂವರೆವರೆಗೆ ಆ ಹೊಂಬೆಳಕಲ್ಲಿ ಹದಿನೆಂಟು ಜನ ಸಾಲಾಗಿ ನಿಂತು ಒಂದೇ ಫೋಟೊ ತೆಗೆದ್ವಿ. ಈಗ ಹದಿನೆಂಟು ಪೋರ್ಟ್‌ಫೋಲಿಯೊದಲ್ಲಿ ಅದೇ ಜೋಡಿ, ಅದೇ ಗೋಪುರ, ಅದೇ ನಗು.

ನಾನು ಕೇಳ್ದೆ: 'ಸರ್, ನನ್ನ ಬಣ್ಣದೋರು ಮಧ್ಯಾಹ್ನ ಹನ್ನೆರಡು ಗಂಟೆಗೆ ಬಿಳಿ ಪಂಚೆ ಉಟ್ಕೊಂಡು ಹುಣಸೆ ಮರದ ಕೆಳಗೆ ನಿಂತರೆ ಏನ್ಮಾಡಬೇಕು?' 'ಅದನ್ನ ಎಡಿಟಿಂಗಲ್ಲಿ ನೋಡ್ಕೊಳಪ್ಪ' ಅಂದ್ರು. ಎಲ್ಲರೂ ನಕ್ಕರು. ಎರಡನೇ ದಿನ ಎಡಿಟಿಂಗ್ ಕ್ಲಾಸ್. ಮೊದಲ ಪಾಠವೇ ಆರೆಂಜ್ ಲ್ಯೂಮಿನೆನ್ಸ್.

ನಮ್ಮ ಕಡೆ ಫ್ಯಾಮಿಲಿ ಫೋಟೊಗೆ ಬಂದು ನಿಲ್ಲೋರು ಯಾರು? ಎಣ್ಣೆಗಪ್ಪು, ಎಣ್ಣೆಗೆಂಪು, ಗೋಧಿ ಬಣ್ಣದವರು. ನೋಡಿ, ಕನ್ನಡದಲ್ಲಿ ಎಷ್ಟು ಚೆಂದದ ಪದಗಳಿವೆ. ಇವೆಲ್ಲ ಈಗ ಉಳ್ಕೊಂಡಿರೋದು ಪೇಪರಿನ 'ಕಾಣೆಯಾಗಿದ್ದಾರೆ' ಪ್ರಕಟಣೆಯಲ್ಲಿ. ಗೋಧಿ ಬಣ್ಣ, ಸಾಧಾರಣ ಮೈಕಟ್ಟು. 2016ರಲ್ಲಿ ಅದೇ ಹೆಸರಿನ ಸಿನಿಮಾನೂ ಬಂತು. ಪೊಲೀಸರು ಬಣ್ಣಾನ ಇದ್ದಂಗೆ ಬರೀತಾರೆ, ಯಾಕಂದ್ರೆ ಆ ಮನುಷ್ಯ ಸಿಗಬೇಕು. ನಮ್ಮ ಆಲ್ಬಮ್ ಹಿಡ್ಕೊಂಡು ಹುಡುಕೋಕೆ ಹೋದ್ರೆ ಒಬ್ಬರೂ ಸಿಗಲ್ಲ.

4/7

'ಕ್ಯಾಮೆರಾದಲ್ಲೇ ಕಪ್ಪಗೆ ಬರುತ್ತೆ ಮಗಾ, ಎತ್ತಲೇಬೇಕು' ಅಂತೀರ. ಅರ್ಧ ನಿಜ. ಕ್ಯಾಮೆರಾ ಪಾಪದ್ದೇನಲ್ಲ.

ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬ್‌ಗಳಿಗೆ ಒಂದು ಕಾರ್ಡ್ ಕಳಿಸ್ತಿತ್ತು. ಅದರಲ್ಲಿ ಒಬ್ಬ ಬಿಳಿ ಹೆಂಗಸಿನ ಫೋಟೊ. ಅದನ್ನ ಶರ್ಲಿ ಕಾರ್ಡ್ ಅಂತಿದ್ರು. ಪ್ರಿಂಟಲ್ಲಿ ಅವಳ ಚರ್ಮ ಸರಿಯಾಗಿ ಬಂದ್ರೆ ಬಣ್ಣ ಸರಿ ಇದೆ ಅಂತ ಲೆಕ್ಕ. ಕಪ್ಪು ಮುಖ ಬರೀ ಕಣ್ಣು, ಹಲ್ಲು ಆಗಿ ಬಂದ್ರೂ ಯಾರೂ ಹೆಚ್ಚು ತಲೆ ಕೆಡಿಸ್ಕೊಳ್ಳಲಿಲ್ಲ. ಕಂಪನಿ ಕಿವಿಗೆ ಬಿದ್ದ ದೂರು ಯಾರದ್ದು ಗೊತ್ತಾ? ಚಾಕೊಲೇಟ್ ಮತ್ತು ಮರದ ಪೀಠೋಪಕರಣ ಮಾಡೋರದ್ದು. ಜಾಹೀರಾತಲ್ಲಿ ಡಾರ್ಕ್ ಚಾಕೊಲೇಟ್‌ಗೂ ಮಿಲ್ಕ್ ಚಾಕೊಲೇಟ್‌ಗೂ ವ್ಯತ್ಯಾಸ ಕಾಣ್ತಿಲ್ಲ ಅಂತ ಅವರು ಗಲಾಟೆ ಮಾಡಿದ್ರು. ಫಿಲ್ಮ್ ಸುಧಾರಿಸಿದ್ದರ ಹಿಂದೆ ಆ ಗಲಾಟೆನೂ ಇದೆ. ಮೊದಲು ಚಾಕೊಲೇಟ್, ಆಮೇಲೆ ಮನುಷ್ಯರು.

ಮುಖ ಗುರುತಿಸೋ ಸೌಲಭ್ಯ ಇಲ್ಲದಿದ್ರೆ, ಅಥವಾ ಅದನ್ನ ಬಳಸದಿದ್ರೆ, ಡಿಜಿಟಲ್ ಕ್ಯಾಮೆರಾದ ಮೀಟರ್‌ಗೂ ಸರಾಸರಿ ಮಾತ್ರ ಗೊತ್ತು. ಮುಂದೆ ಏನೇ ಇರಲಿ, ಅದನ್ನ ನಡುಮಧ್ಯದ ಬೂದು ಬಣ್ಣಕ್ಕೆ ತರೋಕೆ ನೋಡುತ್ತೆ. ಫ್ರೇಮ್ ತುಂಬ ಎಮ್ಮೆ ನಿಲ್ಲಿಸಿ, ಬೂದು ಎಮ್ಮೆ ಬರುತ್ತೆ. ಸುಣ್ಣದ ಗೋಡೆ ತೆಗೀರಿ, ಬೂದು ಗೋಡೆ ಬರುತ್ತೆ. ಈಗ ನಾಲ್ಕು ಬಿಳಿ ಪಂಚೆ, ಹಿಂದೆ ಹೊಳೆಯೋ ಆಕಾಶ, ಮಧ್ಯೆ ನಾಲ್ಕು ಕಪ್ಪು ಮುಖ ಇಡಿ. ಮೀಟರ್ ಪಂಚೆ, ಆಕಾಶ ನೋಡಿ ಬೆಳಕು ಇಳಿಸುತ್ತೆ, ಮುಖ ಮುಳುಗುತ್ತೆ. ಕಪ್ಪಗೆ ಬಂದಿದ್ದು ಅವರ ಬಣ್ಣದಿಂದಲ್ಲ, ನಿಮ್ಮ ಎಕ್ಸ್‌ಪೋಶರ್‌ನಿಂದ. ಆ ತಪ್ಪನ್ನ ತಿದ್ದೋದು ಬಿಟ್ಟು ಆ ಮನುಷ್ಯರನ್ನೇ ತಿದ್ದೋಕೆ ಹೊರಟಿದ್ದೀರ.

1975ರಲ್ಲಿ ಬಂದ ಆ ಕ್ರೀಮು 2020ರಲ್ಲಿ ತನ್ನ ಹೆಸರಿಂದ 'ಫೇರ್' ತೆಗೀತು. ಗೂಗಲ್ 2021ರಲ್ಲಿ ಪಿಕ್ಸೆಲ್ 6 ಬಿಟ್ಟಾಗ ಎಲ್ಲ ಮೈಬಣ್ಣವೂ ಇದ್ದಂಗೆ ಬರಲಿ ಅಂತ 'ರಿಯಲ್ ಟೋನ್' ಅನ್ನೋದನ್ನ ಸೇರಿಸ್ತು. ದೊಡ್ಡ ದೊಡ್ಡ ಕಂಪನಿಗಳೇ ವ್ಯಾಪಾರಕ್ಕಾದ್ರೂ ನಾಚ್ಕೊಂಡಿವೆ. ನಾವು ಇಪ್ಪತ್ತು ವರ್ಷದವರು 'ಮಿಲ್ಕಿ ಸ್ಕಿನ್' ಅಂತ ಪ್ರೀಸೆಟ್ ಮಾರ್ತಿದ್ದೀವಿ.

5/7

ಬೈದಿದ್ದಾಯ್ತು. ಈಗ ಕೆಲಸದ ಮಾತು, ಸೇವ್ ಮಾಡ್ಕೊಳ್ಳಿ.

ಫ್ಯಾಮಿಲಿ ಬಂದು ನಿಂತಾಗ ಮೊದಲು ಗುಂಪಲ್ಲಿ ಅತಿ ಕಪ್ಪಗಿರೋ ಮುಖ ಯಾವುದು ನೋಡಿ. ಬೆಳಕಿನ ಲೆಕ್ಕ ಆ ಮುಖಕ್ಕೆ. ಕ್ಯಾಮೆರಾದಲ್ಲಾದ್ರೆ ಸ್ಪಾಟ್ ಮೀಟರ್. ಫೋನಲ್ಲಾದ್ರೆ ಆ ಮುಖದ ಮೇಲೆ ಬೆರಳು ಒತ್ತಿ ಹಿಡಿದು ಲಾಕ್ ಮಾಡಿ. ಎರಡರಲ್ಲೂ ಮುಖ ಇರೋದಕ್ಕಿಂತ ಬೆಳ್ಳಗೆ ಬಂದ್ರೆ ಬೆಳಕು ಸ್ವಲ್ಪ ಇಳಿಸಿ. ಆಕಾಶ ಬೆಳ್ಳಗಾದ್ರೆ ಆಗಲಿ, ಆಕಾಶದ ಫೋಟೊ ತೆಗೆಸಿಕೊಳ್ಳೋಕೆ ಯಾರೂ ಬಂದಿಲ್ಲ. ಪಂಚೆ ಸುಟ್ಟೋಗ್ತಿದೆ ಅಂದ್ರೆ ಬೆಳಕು ಇಳಿಸಬೇಡಿ, ಪಂಚೆ ಉಟ್ಟೋರನ್ನ ಬಿಸಿಲಿಂದ ನೆರಳಿಗೆ ಕರ್ಕೊಂಡು ಬನ್ನಿ.

ಹುಲ್ಲುಹಾಸಿನ ಮೇಲೆ, ದಟ್ಟ ಮರದ ಕೆಳಗೆ ನಿಲ್ಲಿಸಬೇಡಿ. ಎಲ್ಲ ಪಾರ್ಕ್ ಶೂಟಲ್ಲೂ ಮಾಡೋದು ಇದನ್ನೇ. ಮೇಲಿನ ಎಲೆ, ಕೆಳಗಿನ ಹುಲ್ಲು, ಎರಡರಿಂದಲೂ ಹಸಿರು ಬೆಳಕು ಮುಖಕ್ಕೆ ಬಡಿಯುತ್ತೆ. ಕಂದು ಚರ್ಮದ ಮೇಲೆ ಅದು ಬೂದಿ ಬಳಿದಂಗೆ ಕಾಣುತ್ತೆ. ಆಮೇಲೆ 'ಡಲ್ ಆಗಿದೆ' ಅಂತ ಬಿಳಿ ಮಾಡೋದು. ಅದರ ಬದಲು ಮಣ್ಣಿನ ರಸ್ತೆಗೆ ಬನ್ನಿ. ಕೆಮ್ಮಣ್ಣಿಂದ ಮೇಲಕ್ಕೆ ಬರೋ ಬೆಳಕು ನಮ್ಮ ಬಣ್ಣಕ್ಕೆ ಎಷ್ಟು ಒಪ್ಪುತ್ತೆ ಅಂತ ಒಂದ್ಸಲ ನೋಡಿದ್ರೆ ಲಾನ್ ಕಡೆ ತಿರುಗಿ ನೋಡಲ್ಲ.

ಮಧ್ಯಾಹ್ನ ಆದ್ರೆ ಜಗಲಿ. ಹಳ್ಳಿ ಮನೆ ಜಗಲಿಗಿಂತ ಒಳ್ಳೆ ಸ್ಟುಡಿಯೋ ಇಲ್ಲ. ನೆರಳಿನ ಅಂಚಿಂದ ಎರಡು ಹೆಜ್ಜೆ ಒಳಗೆ ಕೂರಿಸಿ, ಮುಖ ಹೊರಗಿನ ಆಕಾಶದ ಕಡೆ. ಸ್ಟೇಷನರಿ ಅಂಗಡಿಯ ಒಂದು ಥರ್ಮೋಕೋಲ್ ಶೀಟ್ ಪಕ್ಕಕ್ಕೆ ಹಿಡಿದ್ರೆ ಮುಗೀತು.

ಇನ್ನೊಂದು. ಬಿಳಿ ಮುಖದ ಆಕಾರ ಗೊತ್ತಾಗೋದು ಅದರ ಮೇಲೆ ಬೀಳೋ ನೆರಳಿಂದ, ಕಪ್ಪು ಮುಖದ ಆಕಾರ ಗೊತ್ತಾಗೋದು ಹೊಳಪಿಂದ. ಕೆನ್ನೆ ಮೇಲೆ, ಮೂಗಿನ ಏಣಿ ಮೇಲೆ, ಹಣೆ ಮೇಲೆ ಬರೋ ಆ ಹೊಳಪು. ಅದನ್ನ ಪೌಡರ್ ಹಚ್ಚಿ ಕೊಲ್ಲಬೇಡಿ. ನೇರ ಬಿಸಿಲಲ್ಲಿ ಅದು ಚುಚ್ಚುತ್ತೆ ನಿಜ, ಆದರೆ ಅಗಲವಾದ ಮೃದು ಬೆಳಕಲ್ಲಿ ಅದೇ ಮುಖಾನ ಕೆತ್ತಿ ಕೊಡುತ್ತೆ. ಎಣ್ಣೆಗಪ್ಪು ಅಂತ ಹೆಸರಿಟ್ಟೋರಿಗೆ ಇದು ಗೊತ್ತಿತ್ತು ಅನ್ಸುತ್ತೆ.

ಜೋಡಿಯಲ್ಲಿ ಒಬ್ಬರು ಕಪ್ಪು, ಒಬ್ಬರು ಬಿಳುಪಾದ್ರೆ ಕಪ್ಪಗಿರೋರನ್ನ ಬೆಳಕಿನ ಕಡೆ ನಿಲ್ಲಿಸಿ, ಇನ್ನೊಬ್ಬರು ಅರ್ಧ ಹೆಜ್ಜೆ ಆಚೆ. ಇಬ್ಬರೂ ಅವರವರ ಬಣ್ಣದಲ್ಲೇ ಇರ್ತಾರೆ, ಇಬ್ಬರೂ ಕಾಣ್ತಾರೆ.

ಮತ್ತೆ ದಯವಿಟ್ಟು ಸ್ಪಾಟಲ್ಲಿ ನಿಂತ್ಕೊಂಡು 'ಮೇಡಂ, ಸ್ವಲ್ಪ ಕಪ್ಪಗೆ ಬರ್ತಿದ್ದೀರ' ಅನ್ನಬೇಡಿ. 'ಅಕ್ಕ, ಒಂದ್ ಹೆಜ್ಜೆ ಬೆಳಕಿಗೆ ಬನ್ನಿ' ಅನ್ನಿ. ಆಗೋ ಕೆಲಸ ಒಂದೇ. ಮೊದಲನೇ ಮಾತು ಕೇಳಿದ ಮೇಲೆ ಆ ದಿನವಿಡೀ ಅವರು ನಗಲ್ಲ.

6/7

ಗೊತ್ತು, ಕಮೆಂಟಲ್ಲಿ ಏನ್ ಬರುತ್ತೆ ಅಂತ. 'ಕಸ್ಟಮರೇ ಕೇಳ್ತಾರೆ ಗುರು.'

ಕೇಳ್ತಾರೆ. ಯಾಕೆ ಕೇಳ್ತಾರೆ? ನಿಮ್ಮ ಪೇಜಲ್ಲಿ ಇರೋ ಐನೂರು ಫೋಟೊದಲ್ಲಿ ಕಪ್ಪಗಿರೋರು ಒಬ್ಬರೂ ಇಲ್ಲ. ಬಿಫೋರ್-ಆಫ್ಟರ್ ಹಾಕ್ತೀರ, ಬಿಫೋರ್ ಕಪ್ಪು, ಆಫ್ಟರ್ ಬಿಳಿ. ಮೆನು ಕಾರ್ಡಲ್ಲಿ ಒಂದೇ ತಿಂಡಿ ಬರೆದು 'ಎಲ್ಲರೂ ಅದನ್ನೇ ಕೇಳ್ತಾರೆ' ಅಂದಂಗಾಯ್ತು.

ಒಬ್ಬರು ತಮ್ಮ ಫೋಟೊ ತಮಗೆ ಹೀಗೇ ಬೇಕು ಅಂತ ತಾವೇ ಕೇಳಿದ್ರೆ? ಅದು ಕಷ್ಟದ ಪ್ರಶ್ನೆ, ಒಪ್ಕೋತೀನಿ. ನಾನು ಒಳ್ಳೆ ಬೆಳಕಲ್ಲಿ ತೆಗೆದ ಒಂದು ಫೋಟೊನ ಅಲ್ಲೇ ಸ್ಕ್ರೀನಲ್ಲಿ ತೋರಿಸ್ತೀನಿ. ಎಷ್ಟೋ ಜನ ಆಮೇಲೆ ಆ ಮಾತು ಎತ್ತಲ್ಲ. ಕೆಲವರು ಎತ್ತುತ್ತಾರೆ. ಅವರ ಹತ್ರ ನಂಗೆ ಜಗಳ ಇಲ್ಲ, ಅವರು ಹುಟ್ಟಿದಾಗಿಂದ ಏನೇನು ಕೇಳ್ಕೊಂಡು ಬಂದಿದ್ದಾರೋ. ನನ್ನ ಜಗಳ ಕೇಳದೇ ಮಾಡೋರ ಹತ್ರ, ಮಾಡೋದನ್ನ ಕಲಿಸೋರ ಹತ್ರ. ಮತ್ತೆ ಹತ್ತನೇ ಕ್ಲಾಸ್ ಹುಡುಗಿ ಎದುರಿಗೇ ನಿಂತಿರುವಾಗ ಅವರಮ್ಮ 'ಇವಳನ್ನ ಸ್ವಲ್ಪ ಬ್ರೈಟ್ ಮಾಡಪ್ಪ' ಅಂದ್ರೆ 'ಆಯ್ತು ಆಂಟಿ' ಅಂತ ತಲೆ ಆಡಿಸೋರ ಹತ್ರ. ಆ ಹುಡುಗಿ ಕೇಳಿಸ್ಕೊಳ್ತಿದ್ದಾಳೆ ಕಣ್ರೋ.

ಮೊಡವೆ ತೆಗೀರಿ, ನಾನೂ ತೆಗೀತೀನಿ. ಅದು ಮುಂದಿನ ವಾರ ಹೋಗೋದೇ. ನಿದ್ದೆಗೆಟ್ಟ ಕಣ್ಣಿನ ಕೆಳಗೆ ಸ್ವಲ್ಪ ತಿಳಿ ಮಾಡಿ. ಬಣ್ಣ ಮುಂದಿನ ವಾರವೂ ಇರುತ್ತೆ. ಹುಡುಗಿ ನೋಡೋಕೆ ಬಂದೋರು ಫೋಟೊ ನೋಡಿ ಬಂದಿರ್ತಾರೆ. ಬಾಗಿಲಲ್ಲಿ ನಿಂತು ಅವರ ಮುಖದಲ್ಲಿ ಆಗೋ ಬದಲಾವಣೆ ಎಡಿಟರ್‌ಗೆ ಕಾಣಲ್ಲ. ಕಾಫಿ ಲೋಟ ಹಿಡ್ಕೊಂಡು ಬರೋಳಿಗೆ ಕಾಣುತ್ತೆ. 'ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ' ಅಂತಾರಲ್ಲ, ಆ 'ದ್ರೂ' ಇದೆಯಲ್ಲ, ಅದನ್ನ ಫೋಟೊಗ್ರಾಫರ್ ಆಗಿ ನಾವು ದಿನಾ ಎಕ್ಸ್‌ಪೋರ್ಟ್ ಮಾಡ್ತಿದ್ದೀವಿ. ಕೃಷ್ಣ ಅಂದ್ರೇನೇ ಕಪ್ಪು ಅಂತ ಅರ್ಥ. ಮಗೂಗೆ ಆ ಹೆಸರಿಟ್ಟು, ನಾಮಕರಣದ ಫೋಟೊದಲ್ಲಿ ಬಿಳಿ ಮಾಡ್ತೀವಿ.

ಬಿಕಾಂನವರಿಗೆ ನಮ್ಮ ಭಾಷೇಲೇ ಹೇಳ್ತೀನಿ. ಬ್ಯಾಲೆನ್ಸ್ ಶೀಟ್ ಇರೋದಕ್ಕಿಂತ ಚೆಂದ ಕಾಣಲಿ ಅಂತ ಮಾಡೋ ಆಟಕ್ಕೆ ವಿಂಡೋ ಡ್ರೆಸ್ಸಿಂಗ್ ಅಂತ ಹೆಸರು, ಎಕ್ಸಾಮಲ್ಲಿ ಬರೆದಿದ್ದೀರ. ಆಡಿಟರ್ ಅದನ್ನ ಹಿಡೀಬೇಕು. ಲೆಕ್ಕ 'ಟ್ರೂ ಆಂಡ್ ಫೇರ್ ವ್ಯೂ' ಕೊಡ್ತಿದೆಯಾ ಅಂತ ಹೇಳಬೇಕು. ಅಲ್ಲಿ ಫೇರ್ ಅಂದ್ರೆ ಬೆಳ್ಳಗೆ ಅಂತಲ್ಲ.

7/7

ಜೂನಿಯರ್‌ಗಳಿಗೆ ಕಲಿಸೋಕೆ ಶುರು ಮಾಡಿರೋ ಇಬ್ಬರಿಗೆ: ನಿಮ್ಮ ಕ್ಲಾಸಿಗೆ ಮಾಡೆಲ್ ಕರೀಬೇಡಿ. ಕಲಿಯೋಕೆ ಬಂದೋರು ಒಬ್ಬರನ್ನೊಬ್ಬರು ತೆಗೀಲಿ, ಆಮೇಲೆ ಅಪ್ಪ ಅಮ್ಮನ್ನ ಕರ್ಕೊಂಡು ಬರಲಿ. ಮಾಡೆಲ್‌ಗೆ ನಿಲ್ಲೋದು ಗೊತ್ತು, ಅಮ್ಮಂದಿರಿಗೆ ಗೊತ್ತಿಲ್ಲ. ಕಲಿಯಬೇಕಾಗಿರೋದು ಅಲ್ಲೇ ಇದೆ. ಅಜ್ಜಿ ಬಂದ್ರೆ ಕುರ್ಚಿ ಹಾಕಿ, ಮೊದಲು ಅವರ ಫೋಟೊನೇ ತೆಗೀರಿ. ಅರ್ಧ ಗಂಟೆ ಆದ್ಮೇಲೆ ಅವರಿಗೆ ಮಂಡಿ ನೋವು ಬರುತ್ತೆ, ಮುಖದಲ್ಲಿ ಅದೇ ಬರುತ್ತೆ.

ಮತ್ತೆ ಎಡಿಟಿಂಗ್ ಹೇಳಿಕೊಡುವಾಗ ಹೀಗೆ ಮಾಡಿ. ಫೋಟೊ ಲ್ಯಾಪ್‌ಟಾಪಲ್ಲಿ, ಫೋಟೊದಲ್ಲಿರೋ ಮನುಷ್ಯ ಪಕ್ಕದಲ್ಲಿ. ಅವರ ಕೈನ ಸ್ಕ್ರೀನ್ ಪಕ್ಕ ಹಿಡಿಸಿ. ಎರಡೂ ಹೊಂದ್ತಿದೆಯಾ ನೋಡಿ. ಹೊಂದೋವರೆಗೂ ವೈಟ್ ಬ್ಯಾಲೆನ್ಸ್, ಎಕ್ಸ್‌ಪೋಶರ್ ಮಾತ್ರ ಮುಟ್ಟಲಿ. ಪ್ರೀಸೆಟ್ ಪ್ಯಾಕ್ ಮಾರಿ ಬರೋ 299 ರೂಪಾಯಿಗೆ ನಿಮ್ಮ ಕ್ಲಾಸ್ ಅಡ ಇಡಬೇಡಿ.

ಈ ಭಾನುವಾರ ಬೆಳಗ್ಗೆ ಏಳಕ್ಕೆ ಕಾಲೇಜ್ ಹಿಂದಿನ ಮೈದಾನದಲ್ಲಿ, ಆ ಮಣ್ಣಿನ ದಾರಿ ಇದೆಯಲ್ಲ, ಅಲ್ಲಿ ಇರ್ತೀನಿ. ದುಡ್ಡಿಲ್ಲ, ಫೋನ್ ಸಾಕು. ಮಾವ ನೈಟ್ ಡ್ಯೂಟಿ ಮುಗಿಸ್ಕೊಂಡು ಸೀದಾ ಬರ್ತಾರಂತೆ, ಯೂನಿಫಾರ್ಮಲ್ಲೇ. ಎರಡೂ ಕೈ ಕಾಣೋ ಹಾಗೆ ಒಂದು ಫೋಟೊ ಬೇಕಂತೆ ಅವರಿಗೆ. ಥರ್ಮೋಕೋಲ್ ನಾನು ತರ್ತೀನಿ, ಹಿಡ್ಕೊಳ್ಳೋಕೆ ಇಬ್ಬರು ಬೇಕು.

#ಎಣ್ಣೆಗಪ್ಪು #ಗೋಧಿಬಣ್ಣ #ಔಟ್‌ಡೋರ್‌ಪೋರ್ಟ್ರೇಟ್ #ಫ್ಯಾಮಿಲಿಫೋಟೊ #ಆರೆಂಜ್‌ಸ್ಲೈಡರ್