ಕಾರು ಖರೀದಿ: ಹಿಂದಿನ ಸೀಟಿನವರನ್ನು ಕೇಳಿದ್ದೇವೆಯೇ?

ಒಂದು ಮನೆಯಲ್ಲಿ ಕಾರು ಖರೀದಿಯ ತೀರ್ಮಾನವಾಯಿತೆಂದರೆ ಸಲಹೆಗಾರರಿಗೆ ಬರವಿರುವುದಿಲ್ಲ. ಒಬ್ಬ ಮೈಲೇಜಿನ ಲೆಕ್ಕ ಹೇಳುತ್ತಾನೆ. ಗಲ್ಫ್‌ನಲ್ಲಿರುವ ಭಾವ ಟಚ್‌ಸ್ಕ್ರೀನ್ ಎಷ್ಟು ಇಂಚಿನದ್ದೆಂದು ವಿಚಾರಿಸುತ್ತಾನೆ. ಸನ್‌ರೂಫ್ ಇಲ್ಲದ ಕಾರನ್ನು ಕಾರೆಂದೇ ಒಪ್ಪದ ಯುವಕರು ಪ್ರತಿ ಬೀದಿಯಲ್ಲೂ ಇದ್ದಾರೆ. ಬಣ್ಣ, ಅಲಾಯ್ ವೀಲ್, ಮರುಮಾರಾಟದ ಬೆಲೆ, ಕೊನೆಗೆ ಫ್ಯಾನ್ಸಿ ನಂಬರಿನವರೆಗೂ ಚರ್ಚೆ ಸಾಗುತ್ತದೆ. ಆದರೆ ಈ ಇಡೀ ಚರ್ಚೆಯಲ್ಲಿ ಮೌನವಾಗಿರುವ ಒಂದು ವರ್ಗವಿದೆ. ಆ ಕಾರಿನ ಹಿಂದಿನ ಸೀಟಿನಲ್ಲಿ ವರ್ಷಾನುಗಟ್ಟಲೆ ಪ್ರಯಾಣಿಸಬೇಕಾದ ತಾಯಿ, ಪತ್ನಿ ಮತ್ತು ಮಕ್ಕಳು. ಹೆಚ್ಚೆಂದರೆ ಬಣ್ಣದ ವಿಷಯದಲ್ಲಿ ಅವರ ಅಭಿಪ್ರಾಯ ಕೇಳಲಾಗುತ್ತದೆ. ಶೋರೂಮಿನಲ್ಲಿ ನಿರ್ಧಾರ ಕೈಗೊಳ್ಳುವಾತ ಸ್ಟಿಯರಿಂಗ್ ಹಿಂದೆ ಕೂರುತ್ತಾನೆ. ಆದ್ದರಿಂದ ಆತ ಕಾರನ್ನು ನೋಡುವುದೂ ಅಲ್ಲಿಂದಲೇ.

ಇದನ್ನು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸಾವಿಗೀಡಾದರು. ಸೀಟ್ ಬೆಲ್ಟ್ ಧರಿಸದೆ ಸತ್ತವರ ಸಂಖ್ಯೆ 16,715. ಇವರಲ್ಲಿ 8,331 ಮಂದಿ ಪ್ರಯಾಣಿಕರು. ಅಂದರೆ ಸುಮಾರು ಅರ್ಧದಷ್ಟು ಮಂದಿ ವಾಹನ ಚಲಾಯಿಸುತ್ತಲೇ ಇರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 4ರಂದು ಮಹಾರಾಷ್ಟ್ರದ ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿ ಅಪಘಾತದಲ್ಲಿ ನಿಧನರಾದರು. ಅವರಿದ್ದುದು ದುಬಾರಿ ವಿದೇಶಿ ಬ್ರಾಂಡಿನ ಕಾರಿನಲ್ಲಿ. ಮುಂದಿನ ಸೀಟಿನಲ್ಲಿದ್ದ ಇಬ್ಬರು ಬದುಕುಳಿದರು, ಹಿಂದಿನ ಸೀಟಿನ ಇಬ್ಬರೂ ಸತ್ತರು. ಹಿಂದೆ ಕುಳಿತವರು ಬೆಲ್ಟ್ ಧರಿಸಿರಲಿಲ್ಲ ಎಂದು ಪೊಲೀಸರು ಹೇಳಿದರು. ಹಿಂದಿನ ಸೀಟು ಸುರಕ್ಷಿತ, ಅಲ್ಲಿ ಬೆಲ್ಟ್ ಅನಗತ್ಯ ಎಂಬ ನಮ್ಮ ನಂಬಿಕೆಗೆ ಆಧಾರವಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೇ?

ಈಗ ಕಾರಿನ ವಿಷಯಕ್ಕೇ ಬರೋಣ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯು ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಜನಪ್ರಿಯ ಕಾರುಗಳನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೋಡೆಗೆ ಗುದ್ದಿಸಿ ಪರೀಕ್ಷಿಸಿತು. ಆಲ್ಟೊ 800, ನ್ಯಾನೊ, ಫಿಗೊ, ಐ10 ಮತ್ತು ಪೋಲೊ ಅವು. ವಯಸ್ಕರ ರಕ್ಷಣೆಯಲ್ಲಿ ಐದಕ್ಕೂ ಸಿಕ್ಕಿದ್ದು ಶೂನ್ಯ ಸ್ಟಾರ್. ಪರೀಕ್ಷಿಸಿದ್ದು ಏರ್‌ಬ್ಯಾಗ್ ಇಲ್ಲದ, ಕಡಿಮೆ ಬೆಲೆಯ ವೇರಿಯಂಟ್‌ಗಳನ್ನು. ನಮ್ಮ ಮಧ್ಯಮ ವರ್ಗದ ಮನೆಗಳು ಆಗ ಹೆಚ್ಚಾಗಿ ಕೊಳ್ಳುತ್ತಿದ್ದುದೂ ಅವುಗಳನ್ನೇ.

ಆ ಪರೀಕ್ಷೆಯಲ್ಲಿ ಖರೀದಿದಾರರು ಗಮನಿಸಬೇಕಾದ ಇನ್ನೊಂದು ಅಂಶವಿದೆ. ಪೋಲೊದ ಎರಡು ಏರ್‌ಬ್ಯಾಗ್‌ಗಳಿರುವ ಮಾದರಿಯನ್ನು ಪರೀಕ್ಷಿಸಿದಾಗ ಅದಕ್ಕೆ ನಾಲ್ಕು ಸ್ಟಾರ್ ಸಿಕ್ಕಿತು. ಯಾಕೆಂದರೆ ಅದರ ದೇಹದ ಚೌಕಟ್ಟು ಗಟ್ಟಿಯಾಗಿತ್ತು. ಆದರೆ ಆಲ್ಟೊ, ನ್ಯಾನೊ ಮತ್ತು ಐ10ಗಳ ಚೌಕಟ್ಟೇ ಕುಸಿದಿದ್ದರಿಂದ ಅವುಗಳಿಗೆ ಏರ್‌ಬ್ಯಾಗ್ ಜೋಡಿಸಿದರೂ ಹೆಚ್ಚಿನ ಪ್ರಯೋಜನವಿಲ್ಲ ಎಂದು ಸಂಸ್ಥೆ ಹೇಳಿತು. ಆದ್ದರಿಂದ ಏರ್‌ಬ್ಯಾಗ್‌ಗಳನ್ನು ಎಣಿಸಿ ತೃಪ್ತಿಪಟ್ಟುಕೊಂಡರೆ ಸಾಲದು. ಮೊದಲು ಚೌಕಟ್ಟು, ಆಮೇಲೆ ಬೆಲ್ಟ್, ಅದಕ್ಕೆ ಪೂರಕವಾಗಿ ಏರ್‌ಬ್ಯಾಗ್. ಬೆಲ್ಟ್ ಧರಿಸದವನಿಗೆ ಏರ್‌ಬ್ಯಾಗ್ ರಕ್ಷಣೆ ನೀಡುವ ಬದಲು ಗಾಯ ಮಾಡುವ ಸಾಧ್ಯತೆಯೂ ಇದೆ.

ಇಲ್ಲಿ ಸರಕಾರದ ನಡೆಯನ್ನೂ ಪ್ರಶ್ನಿಸಬೇಕಾಗುತ್ತದೆ. ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರ ಜುಲೈಯಲ್ಲಿ. ಪಕ್ಕದ ಸೀಟಿನಲ್ಲಿ ಕೂರುವವರಿಗೆ ಅದೇ ಹಕ್ಕು ದೊರೆಯಲು 2021 ಬರಬೇಕಾಯಿತು. ಹಿಂದಿನ ಸೀಟಿನವರನ್ನೂ ಒಳಗೊಳ್ಳುವ ಆರು ಏರ್‌ಬ್ಯಾಗ್‌ಗಳ ನಿಯಮವನ್ನು 2022ರ ಜನವರಿಯಲ್ಲಿ ಪ್ರಸ್ತಾಪಿಸಲಾಯಿತು. ಅದೇ ವರ್ಷದ ಅಕ್ಟೋಬರ್‌ನಿಂದ ಜಾರಿಯಾಗಬೇಕಿದ್ದುದನ್ನು ಒಂದು ವರ್ಷ ಮುಂದೂಡಲಾಯಿತು. 2023ರ ಸೆಪ್ಟೆಂಬರ್‌ನಲ್ಲಿ, ಅದನ್ನು ಕಡ್ಡಾಯಗೊಳಿಸುವುದಿಲ್ಲ ಎಂದು ಸಚಿವ ನಿತಿನ್ ಗಡ್ಕರಿಯವರೇ ಹೇಳಿದರು. ವಿಪರ್ಯಾಸವೆಂದರೆ, ರಫ್ತಾಗುವ ಕಾರುಗಳಿಗೆ ಆರು ಏರ್‌ಬ್ಯಾಗ್ ಜೋಡಿಸುವ ಕಂಪೆನಿಗಳು ಭಾರತೀಯರಿಗೆ ಕೊಡಲು ಹಿಂದೇಟು ಹಾಕುತ್ತಿವೆ ಎಂದು ಆಕ್ಷೇಪಿಸಿದ್ದವರೂ ಇದೇ ಸಚಿವರು. ಕಾನೂನಿನ ಕಾಳಜಿಯು ಮೊದಲು ಚಾಲಕನನ್ನು, ಆಮೇಲೆ ಪಕ್ಕದವರನ್ನು ತಲುಪಿ, ಹಿಂದಿನ ಸೀಟಿನ ಹೊಸ್ತಿಲಲ್ಲಿ ನಿಂತುಬಿಟ್ಟಿತು.

ಹಾಗಿದ್ದೂ ಬದಲಾವಣೆ ಆಗಿದೆ. 2018ರ ಡಿಸೆಂಬರ್‌ನಲ್ಲಿ ಟಾಟಾ ನೆಕ್ಸಾನ್ ಐದು ಸ್ಟಾರ್ ಪಡೆದ ಮೊದಲ ಭಾರತೀಯ ಕಾರಾಯಿತು. 2023ರ ಅಕ್ಟೋಬರ್‌ನಲ್ಲಿ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷಾ ವ್ಯವಸ್ಥೆ ಆರಂಭವಾಯಿತು. 2014ರಲ್ಲಿ ಶೂನ್ಯ ಪಡೆದಿದ್ದ ಮಾರುತಿ ಕಂಪೆನಿಯ ಡಿಜೈರ್ 2024ರ ನವೆಂಬರ್‌ನಲ್ಲಿ ವಯಸ್ಕರ ರಕ್ಷಣೆಯಲ್ಲಿ ಐದು ಸ್ಟಾರ್ ಪಡೆಯಿತು. ಇಂದು ಕಾನೂನಿನ ಒತ್ತಾಯವಿಲ್ಲದೆಯೇ ಹಲವು ಮಾದರಿಗಳ ಎಲ್ಲ ವೇರಿಯಂಟ್‌ಗಳಲ್ಲೂ ಆರು ಏರ್‌ಬ್ಯಾಗ್‌ಗಳಿವೆ. ಕಂಪೆನಿಗಳಿಗೆ ಒಮ್ಮೆಲೇ ದಯೆ ಉಕ್ಕಿತೇ? ಇಲ್ಲ. ಗ್ರಾಹಕರು ಸ್ಟಾರ್ ಎಷ್ಟು ಎಂದು ಕೇಳಲಾರಂಭಿಸಿದರು. ಗ್ರಾಹಕ ಏನು ಕೇಳುತ್ತಾನೋ ಅದನ್ನು ಕಾರ್ಖಾನೆ ತಯಾರಿಸುತ್ತದೆ. ಆತ ಸನ್‌ರೂಫನ್ನಷ್ಟೇ ಕೇಳಿದರೆ ಸನ್‌ರೂಫೇ ಸಿಗುತ್ತದೆ.

ಹಾಗಾದರೆ ಯಾವುದರಲ್ಲಿ ರಾಜಿಯಾಗಬಹುದು, ಯಾವುದರಲ್ಲಿ ಆಗಬಾರದು?

ಬಣ್ಣ, ಪರದೆಯ ಗಾತ್ರ, ಅಲಾಯ್ ವೀಲ್, ಧ್ವನಿವರ್ಧಕಗಳ ಸಂಖ್ಯೆ, ಸನ್‌ರೂಫ್- ಇವೆಲ್ಲ ರಾಜಿಗೆ ಅರ್ಹವಾದವು. ಇವುಗಳ ಪೈಕಿ ಕೆಲವನ್ನು ನಂತರವೂ ಹಾಕಿಸಿಕೊಳ್ಳಬಹುದು. ಆದರೆ ಚೌಕಟ್ಟನ್ನು ನಂತರ ಗಟ್ಟಿಗೊಳಿಸಲಾಗದು, ಏರ್‌ಬ್ಯಾಗನ್ನು ಅಂಗಡಿಯಲ್ಲಿ ಕೊಂಡು ಜೋಡಿಸಲಾಗದು. ಆದ್ದರಿಂದ ಶೋರೂಮಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಈ ಕಾರಿನ ಪರೀಕ್ಷೆಯಾಗಿದೆಯೇ? ಎನ್‌ಕ್ಯಾಪ್ ಮಕ್ಕಳ ರಕ್ಷಣೆಗೆ ಪ್ರತ್ಯೇಕ ಸ್ಟಾರ್ ನೀಡುತ್ತದೆ, ಅದು ಎಷ್ಟು? ನಾವು ಕೊಳ್ಳುತ್ತಿರುವ ವೇರಿಯಂಟಿನಲ್ಲಿ ಪರೀಕ್ಷೆಗೊಳಗಾದ ಕಾರಿನ ಎಲ್ಲ ರಕ್ಷಣಾ ಸಾಧನಗಳೂ ಇವೆಯೇ? ಹಿಂದಿನ ಸೀಟಿನ ಮಧ್ಯದಲ್ಲಿ ಕೂರುವವರಿಗೆ ಭುಜದ ಮೇಲಿನಿಂದ ಹಾದುಬರುವ ಬೆಲ್ಟ್ ಇದೆಯೇ, ಇಲ್ಲ ಸೊಂಟದ ಪಟ್ಟಿ ಮಾತ್ರವೇ? ಮಗುವಿನ ಸೀಟನ್ನು ಬಿಗಿಯುವ ಐಸೊಫಿಕ್ಸ್ ಕೊಂಡಿಗಳಿವೆಯೇ? ಶಿರಾಡಿ, ಚಾರ್ಮಾಡಿ ಘಾಟಿಗಳ ಮಳೆಗಾಲದ ತಿರುವುಗಳಲ್ಲಿ ಕಾರು ಜಾರದಂತೆ ಹಿಡಿದಿಡುವ ಇಎಸ್‌ಸಿ ಇದೆಯೇ? ಭಾರತ್ ಎನ್‌ಕ್ಯಾಪ್‌ನಲ್ಲಿ ಮೂರು ಸ್ಟಾರ್ ಮತ್ತು ಅದಕ್ಕಿಂತ ಹೆಚ್ಚು ಪಡೆಯಲು ಈ ಇಎಸ್‌ಸಿ ಇರಲೇಬೇಕು.

ಇನ್ನು ನಮ್ಮ ಕುಟುಂಬಗಳ ಗಾತ್ರ. ಐದು ಮಂದಿಯ ಕಾರಿನಲ್ಲಿ ಎಂಟು ಮಂದಿ ಮದುವೆಗೆ ಹೊರಡುವುದು, ವಿಮಾನ ನಿಲ್ದಾಣಕ್ಕೆ ಹೋಗುವಾಗ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಳ್ಳುವುದು ನಮಗೆ ಸಹಜವೆನಿಸಿಬಿಟ್ಟಿದೆ. ಗಂಟೆಗೆ 50 ಕಿಲೋಮೀಟರ್ ವೇಗದ ಕಾರು ಗುದ್ದಿ ನಿಂತಾಗಿನ ಆಘಾತವು ಸುಮಾರು ಹತ್ತು ಮೀಟರ್ ಎತ್ತರದಿಂದ ಬಿದ್ದುದಕ್ಕೆ ಸಮ. ಆ ಕ್ಷಣದಲ್ಲಿ ಹತ್ತು ಕಿಲೋ ತೂಕದ ಮಗು ಇಪ್ಪತ್ತು-ಮೂವತ್ತು ಪಟ್ಟು ಭಾರವಾಗುತ್ತದೆ. ಯಾವ ತಾಯಿಯ ತೋಳೂ ಆ ಭಾರವನ್ನು ಹಿಡಿದಿಡಲಾರದು. ಮುಂದಿನ ಸೀಟಿನಲ್ಲಿ ಮಡಿಲಲ್ಲಿರುವ ಮಗುವಿಗಂತೂ ಸಿಡಿಯುವ ಏರ್‌ಬ್ಯಾಗೇ ಅಪಾಯಕಾರಿ. ಹದಿನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟಿನ ರಕ್ಷಣೆ ಇರಬೇಕೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ತಪ್ಪಿದರೆ ಸಾವಿರ ರೂಪಾಯಿ ದಂಡ. ದಂಡಕ್ಕೆ ಹೆದರುವುದಕ್ಕಿಂತ ಮಗುವಿನ ಪ್ರಾಣಕ್ಕೆ ಹೆದರುವುದು ಲೇಸು. ಮನೆಯಲ್ಲಿ ಏಳು ಮಂದಿ ಇದ್ದರೆ ಏಳು ಸೀಟಿನ ಕಾರನ್ನೇ ನೋಡಬೇಕು. ಹಾಗೆ ನೋಡುವಾಗಲೂ ಕೊನೆಯ ಸಾಲಿನಲ್ಲಿ ಜನ ಕುಳಿತರೆ ಸಾಮಾನಿಗೆ ಜಾಗವಿರುವುದಿಲ್ಲ ಎಂಬುದು ನೆನಪಿರಲಿ. ಸಾಮಾನನ್ನೆಲ್ಲ ಚಾವಣಿಯ ಮೇಲೇರಿಸಿದರೆ ತಿರುವಿನಲ್ಲಿ ಕಾರು ಮಗುಚುವ ಅಪಾಯ ಹೆಚ್ಚುತ್ತದೆ. ವರ್ಷಕ್ಕೆರಡು ಬಾರಿ ಮಾತ್ರ ಎಲ್ಲರೂ ಒಟ್ಟಿಗೆ ಹೋಗುವುದಾದರೆ, ಸಣ್ಣ ಸುರಕ್ಷಿತ ಕಾರು ಕೊಂಡು ಆ ಎರಡು ದಿನ ಬಾಡಿಗೆ ವಾಹನ ಪಡೆಯುವುದೇ ಜಾಣತನ.

ಖರೀದಿಯ ನಂತರ ನಾವೇ ಕಾರನ್ನು ಅಸುರಕ್ಷಿತಗೊಳಿಸುವುದೂ ಉಂಟು. ಮುಂಭಾಗಕ್ಕೆ ಕಬ್ಬಿಣದ ಬುಲ್ ಬಾರ್ ಜೋಡಿಸುವುದನ್ನು ಕೇಂದ್ರ ಸರಕಾರ 2017ರ ಡಿಸೆಂಬರ್‌ನಲ್ಲೇ ನಿಷೇಧಿಸಿದೆ. ಪಾದಚಾರಿಗೆ ಅದು ಮಾರಕ, ಏರ್‌ಬ್ಯಾಗಿನ ಸಂವೇದಕಕ್ಕೂ ಅಡ್ಡಿ. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇರುವ ಕಾರಿಗೆ ದಪ್ಪ ಸೀಟ್ ಕವರ್ ಹಾಕಿಸಿದರೆ ಅದು ಬಿಚ್ಚಿಕೊಳ್ಳುವುದಕ್ಕೆ ತಡೆಯಾಗಬಹುದು. ಬೆಲ್ಟಿನ ಎಚ್ಚರಿಕೆಯ ಸದ್ದನ್ನು ಅಡಗಿಸಲು ಬಕಲ್‌ಗೆ ಸಿಕ್ಕಿಸುವ ಕ್ಲಿಪ್‌ಗಳ ಮಾರಾಟವಂತೂ ಎಷ್ಟಿತ್ತೆಂದರೆ, 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಕ್ರಮದಿಂದಾಗಿ ಆನ್‌ಲೈನ್ ಮಳಿಗೆಗಳು ಹದಿಮೂರು ಸಾವಿರಕ್ಕೂ ಹೆಚ್ಚು ಜಾಹೀರಾತುಗಳನ್ನು ಕಿತ್ತುಹಾಕಬೇಕಾಯಿತು. ಚಲಿಸುವ ಕಾರಿನ ಸನ್‌ರೂಫಿನಿಂದ ಮಕ್ಕಳನ್ನು ಹೊರಗೆ ನಿಲ್ಲಿಸಿ ಸಂಭ್ರಮಿಸುವ ತಂದೆಯರ ಬಗ್ಗೆ ಏನು ಹೇಳುವುದು? ಹೆಚ್ಚು ಹಣ ತೆತ್ತು ಕೊಂಡದ್ದು ಅಪಾಯವನ್ನೇ.

ಹಣದ ಮಾತನ್ನೂ ಆಡಲೇಬೇಕು. ಸುರಕ್ಷಿತ ಕಾರು ಶ್ರೀಮಂತರಿಗೆ ಮಾತ್ರ ಎಂಬುದು ಹಿಂದೆ ನಿಜವಾಗಿತ್ತು, ಈಗ ಅಷ್ಟಾಗಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ 18 ಶೇಕಡಾಕ್ಕೆ ಇಳಿದಿದೆ. ಹಾಗೆ ಉಳಿಯುವ ಹಣ ಎಲ್ಲಿಗೆ ಹೋಗಬೇಕು? ಅದೇ ಮಾದರಿಯ ಟಾಪ್ ಎಂಡ್‌ಗೆ ಏರುವುದಕ್ಕಿಂತ, ಹೆಚ್ಚು ಗಟ್ಟಿಯಾದ ಇನ್ನೊಂದು ಮಾದರಿಯ ಕೆಳಗಿನ ವೇರಿಯಂಟ್ ಎಷ್ಟೋ ಮೇಲು. ಮೇಲಕ್ಕೆ ಏರುತ್ತಾ ಹೋದಂತೆ ತೆರಿಗೆಯೂ ಏರುತ್ತದೆ. ಕರ್ನಾಟಕದಲ್ಲಿ ಕಾರಿನ ಬೆಲೆ ಹತ್ತು ಲಕ್ಷದ ಗಡಿ ದಾಟಿದೊಡನೆ ಜೀವಾವಧಿ ತೆರಿಗೆ 14ರಿಂದ 17 ಶೇಕಡಾಕ್ಕೆ ಜಿಗಿಯುತ್ತದೆ, ಅದರ ಮೇಲೆ ಸೆಸ್ ಬೇರೆ.

ಸಾಲದ ಲೆಕ್ಕ ಇನ್ನೂ ಕಠೋರ. ಎಂಟು ಲಕ್ಷ ರೂಪಾಯಿಯನ್ನು ಶೇ. 9ರ ಬಡ್ಡಿಗೆ ಏಳು ವರ್ಷಗಳ ಅವಧಿಗೆ ಪಡೆದರೆ ತಿಂಗಳಿಗೆ ಸುಮಾರು 12,870 ರೂಪಾಯಿ ಕಟ್ಟಬೇಕು. ಒಟ್ಟು ಪಾವತಿ ಹತ್ತು ಲಕ್ಷದ ಎಂಬತ್ತು ಸಾವಿರಕ್ಕೂ ಹೆಚ್ಚು. ಬಡ್ಡಿಯ ಕುರಿತ ಧಾರ್ಮಿಕ ನಿಲುವು ಓದುಗರಿಗೆ ಹೊಸದಲ್ಲ. ಅದನ್ನು ಬದಿಗಿಟ್ಟು ಬರೇ ಲೌಕಿಕವಾಗಿ ನೋಡಿದರೂ, ನೆರೆಯವರ ಕಣ್ಣಿಗೆ ಬೀಳಲೆಂದು ಎರಡೂವರೆ ಲಕ್ಷಕ್ಕೂ ಮಿಕ್ಕಿದ ಮೊತ್ತವನ್ನು ತೆರುವುದು ಯಾವ ವಿವೇಕ? ವರನಿಗೆ ಉಡುಗೊರೆಯೆಂಬ ಹೆಸರಿನಲ್ಲಿ ಸಾಲಮಾಡಿ ಕಾರು ಕೊಡುವ ಹೆಣ್ಣು ಹೆತ್ತವರ ಸ್ಥಿತಿಯಂತೂ ಇನ್ನೂ ದಾರುಣ. ಅಲ್ಲಿ ಸಾಲ ಅವರದ್ದು, ಮಾದರಿಯ ಆಯ್ಕೆ ಇನ್ನಾರದ್ದೋ. ಹಿಂದಿನ ಸೀಟಿನಲ್ಲಿ ಕೂರುವವಳು ಮಾತ್ರ ಅವರ ಮಗಳು.

ಹೊಸ ಕಾರಿನ ಸಾಮರ್ಥ್ಯವಿಲ್ಲದವರು ಹಳೆಯದನ್ನು ಕೊಳ್ಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ 2019ಕ್ಕಿಂತ ಹಿಂದಿನ ಅಗ್ಗದ ವೇರಿಯಂಟ್‌ಗಳಲ್ಲಿ ಏರ್‌ಬ್ಯಾಗ್, ಎಬಿಎಸ್ ಎರಡೂ ಇಲ್ಲದಿರಬಹುದು. ಕೀಲಿ ತಿರುಗಿಸಿದಾಗ ಏರ್‌ಬ್ಯಾಗಿನ ದೀಪ ಹೊತ್ತಿ ನಂದಬೇಕು. ಹೊತ್ತದೇ ಇದ್ದರೆ ಅಥವಾ ನಂದದೇ ಇದ್ದರೆ ಅಪಘಾತವನ್ನು ಮರೆಮಾಚಿರುವ ಸಂಶಯ ಪಡಬೇಕು. ಹಿಂದಿನ ಬೆಲ್ಟ್‌ಗಳನ್ನು ಒಂದೊಂದಾಗಿ ಎಳೆದು, ಬಕಲ್ ಸಿಕ್ಕಿಸಿ ನೋಡಬೇಕು. ಸೀಟಿನಡಿಯ ಕಾರ್ಪೆಟ್ ಎತ್ತಿದರೆ ತುಕ್ಕು ಮತ್ತು ಪ್ರವಾಹದ ಕೆಸರು ಸತ್ಯ ಹೇಳುತ್ತವೆ.

ಅಪಘಾತ ಸಂಭವಿಸಿದ ಬಳಿಕ ನಾವು ವಿಧಿಯನ್ನು ನೆನೆಯುತ್ತೇವೆ. ಆದರೆ ಖರೀದಿಯ ದಿನ ಆಯ್ಕೆ ನಮ್ಮ ಕೈಯಲ್ಲೇ ಇರುತ್ತದೆ. ಆ ದಿನ ಮನೆಯ ಯಜಮಾನ ಟೆಸ್ಟ್ ಡ್ರೈವ್‌ಗೆ ಒಬ್ಬನೇ ಹೋಗದಿರಲಿ. ಪತ್ನಿ, ಮಕ್ಕಳು, ಮಂಡಿನೋವಿನ ತಾಯಿ ಎಲ್ಲರೂ ಹೋಗಲಿ. ತಾಯಿ ಕಷ್ಟವಿಲ್ಲದೆ ಹತ್ತಿ ಇಳಿಯಬಲ್ಲರೇ, ಮಕ್ಕಳಿಗೆ ಬೆಲ್ಟ್ ಸರಿಹೊಂದುತ್ತದೆಯೇ ಎಂದು ನೋಡಲಿ. ಆತನೂ ಹತ್ತು ನಿಮಿಷ ಸ್ಟಿಯರಿಂಗ್ ಬಿಟ್ಟು ಹಿಂದಿನ ಸೀಟಿನಲ್ಲಿ ಬೆಲ್ಟ್ ಬಿಗಿದು ಕೂರಲಿ. ಯಾವುದಕ್ಕೆ ಹಣ ಕೊಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಆಮೇಲೆ ಎಲ್ಲರೂ ಸೇರಿ ತೀರ್ಮಾನಿಸಲಿ.