ನೋಡಲು ಬಂದವರು

ಅವನನ್ನು ಐಸಿಯುನಿಂದ ವಾರ್ಡಿಗೆ ತಂದ ಮೊದಲ ದಿನ ನಾವು ಇಪ್ಪತ್ತಾರು ಜನ ಹೋಗಿದ್ದೆವು. ಹನ್ನೊಂದನೇ ದಿನ ಇಬ್ಬರಿದ್ದೆವು. ಈ ಲೆಕ್ಕವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇದು ಸರ್ಕಾರವನ್ನು ಬೈಯುವ ಬರಹವಲ್ಲ. ಅದನ್ನು ಬೈಯಲು ನಮಗೆ ಚೆನ್ನಾಗಿ ಬರುತ್ತದೆ, ಬೈದಿದ್ದೇವೆ, ಇನ್ನೂ ಬೈಯುತ್ತೇವೆ. ಈ ಸಲ ಮಾತ್ರ ನಮ್ಮನ್ನೇ ನಾವು ಬೈದುಕೊಳ್ಳಬೇಕಾಗಿದೆ.

ವಿಷಯ ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. 2023ರ ಜುಲೈನಲ್ಲಿ ನಮ್ಮ ಹಾಸ್ಟೆಲ್ಲಿನ ಗೆಳೆಯನೊಬ್ಬ ಜ್ವರ ಬಂದು ಮಲಗಿದ. ಹೆಸರು ಬೇಡ, ಅವನೇ ಬೇಡ ಅಂದಿದ್ದಾನೆ. ಮೆರವಣಿಗೆಯಲ್ಲಿ ತಮಟೆ ಹಿಡಿದು ಮುಂದೆ ನಿಲ್ಲುತ್ತಿದ್ದವನು ಅಂದರೆ ಸಾಕು, ಗುರುತು ಸಿಗುತ್ತದೆ. ಹತ್ತು ದಿನ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿಕೊಂಡು ರೂಮಿನ ಮೂಲೆಯಲ್ಲಿ ಬಿದ್ದಿದ್ದ. ಜ್ವರ ದಿನಕ್ಕೊಂದು ಮೆಟ್ಟಿಲು ಹತ್ತುತ್ತಿತ್ತು. 'ವೈರಲ್ಲು ಕಣ್ಲಾ, ಇಳೀತದೆ ಬುಡು' ಅಂದೆವು. ಟೈಫಾಯಿಡ್ ಬರುವುದೇ ಹಾಗೆ, ಮೆಟ್ಟಿಲು ಹತ್ತಿದ ಹಾಗೆ, ಎಂದು ಆಮೇಲೆ ಡಾಕ್ಟರು ಹೇಳಿದರು. ಸರಿಯಾದ ಔಷಧಿ ಬೀಳದೆ ಮೂರನೇ ವಾರಕ್ಕೆ ಬಂತೆಂದರೆ ಸಣ್ಣ ಕರುಳಿನ ತುದಿಯ ಭಾಗದಲ್ಲಿ ಹುಣ್ಣಾಗಿ, ಹುಣ್ಣು ತೂತಾಗಿ, ಕರುಳಿನೊಳಗಿನ ಹೊಲಸೆಲ್ಲ ಹೊಟ್ಟೆಯಲ್ಲಿ ಹರಡಬಹುದು. ಹದಿನೇಳನೇ ದಿನ ರಾತ್ರಿ ಹಾಗೇ ಆಯಿತು. ಹೊಟ್ಟೆ ಹಲಗೆಯ ಹಾಗೆ ಬಿಗಿದುಕೊಂಡಿತು. ಮುಟ್ಟಿದರೆ ಕಿರುಚುತ್ತಿದ್ದ. ಆಟೋದಲ್ಲಿ ಇಬ್ಬರ ತೊಡೆಯ ಮೇಲೆ ಮಲಗಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಒಯ್ದೆವು. ಬೆಳಗಿನ ಜಾವ ಆಪರೇಶನ್ ಆಯಿತು.

ಯಾವ ನೀರಿನಿಂದ ಬಂತು? ಹಾಸ್ಟೆಲ್ಲಿನ ಟ್ಯಾಂಕು ಎಂದು ನಾವು ಹೇಳುತ್ತೇವೆ. ಬೀದಿಯ ಪಾನಿಪುರಿ ಎಂದು ಮೇಲಿನವರು ಹೇಳುತ್ತಾರೆ. ರುಜುವಾತು ನಮ್ಮ ಹತ್ತಿರವೂ ಇಲ್ಲ, ಅವರ ಹತ್ತಿರವೂ ಇಲ್ಲ. ಅದೇ ತಿಂಗಳು ಅದೇ ಹಾಸ್ಟೆಲ್ಲಿನಲ್ಲಿ ಇನ್ನೂ ನಾಲ್ಕು ಜನ ಜ್ವರ ಮಲಗಿದ್ದರು ಎಂಬುದು ಮಾತ್ರ ನಮ್ಮ ಕಣ್ಣಾರೆ ಕಂಡದ್ದು. ಅರ್ಜಿ ಕೊಟ್ಟ ಮೇಲೆ ಟ್ಯಾಂಕು ತೊಳೆದರು. ತಳದಲ್ಲಿ ಏನೇನಿತ್ತು ಎಂದು ಬರೆದರೆ ನೀವು ಈ ಹೊತ್ತು ಊಟ ಮಾಡುವುದಿಲ್ಲ.

ಆಪರೇಶನ್ನಿಗೆ ರಕ್ತ ಬೇಕು ಅಂದರು. ಒಂಬತ್ತು ಜನ ಓಡಿದೆವು. ರಕ್ತನಿಧಿಯ ಫಾರಂನಲ್ಲಿ ಕಾಮಾಲೆ ಆಗಿತ್ತೇ, ಮಲೇರಿಯಾ ಬಂದಿತ್ತೇ, ಹಚ್ಚೆ ಹಾಕಿಸಿಕೊಂಡಿದ್ದೀರಾ ಎಂದೆಲ್ಲ ಕೇಳುತ್ತಾರೆ. ಜಾತಿಯ ಕಾಲಂ ಒಂದು ಇಲ್ಲ. ನಮ್ಮಲ್ಲೊಬ್ಬ ಅದನ್ನು ತಿರುಗಿಸಿ ಮುರುಗಿಸಿ ನೋಡಿ, 'ಈ ದೇಶದಲ್ಲಿ ಜಾತಿ ಕೇಳದ ಫಾರಂ ಇದೊಂದೇ ಕಣ್ರೋ' ಅಂದ. ನಕ್ಕೆವು. ಆಮೇಲೆ ನಗು ನಿಂತಿತು. ರಕ್ತ ಕೊಡುವವನಿಗೆ ಹಿಮೋಗ್ಲೋಬಿನ್ 12.5 ಆದರೂ ಇರಬೇಕು, ತೂಕ 45 ಕೆಜಿ ಆದರೂ ಇರಬೇಕು. ಒಂಬತ್ತರಲ್ಲಿ ಐದು ಜನರನ್ನು ವಾಪಸ್ಸು ಕಳಿಸಿದರು. ಇಪ್ಪತ್ತು ಇಪ್ಪತ್ತೊಂದರ ಹುಡುಗರು. ಗೆಳೆಯನಿಗೆ ಕೊಡುವಷ್ಟು ರಕ್ತ ಮೈಯಲ್ಲಿಲ್ಲ. ದಿನಾ ನೀರು ಸಾರು ಉಂಡವರ ಲೆಕ್ಕಪತ್ರ ಅಲ್ಲಿ ಒಂದು ಹನಿ ರಕ್ತದಲ್ಲಿ ಬಯಲಾಯಿತು.

ಈಗ ಆ ಇಪ್ಪತ್ತಾರು ಜನರ ಕಥೆ.

ನಾವು ನೀಲಿ ಶಾಲು ಹಾಕಿಕೊಂಡು ಹೋದೆವು. ಹಣ್ಣು ಒಯ್ದೆವು. ಬಾಯಿಗೆ ನೀರು ಬಿಡಬಾರದು ಎಂದಿದ್ದವನಿಗೆ ಸೇಬು ಮೂಸಂಬಿ ಒಯ್ದ ಬುದ್ಧಿವಂತರು ನಾವು. ಮಂಚದ ಸುತ್ತ ನಿಂತು ಮೊಬೈಲಿನಲ್ಲಿ ಫೋಟೋ ಹಿಡಿದೆವು. ಮೂಗಿನಲ್ಲಿ ನಳಿಗೆ ಇದ್ದ ಅವನ ಮುಖವನ್ನು ಸ್ಟೇಟಸ್ಸಿಗೆ ಹಾಕಿ 'ಬೇಗ ಗುಣಮುಖನಾಗು ಹೋರಾಟಗಾರನೇ' ಎಂದು ಬರೆದೆವು. ನಮ್ಮಲ್ಲಿ ಪದ್ಯ ಬರೆಯುವವರೊಬ್ಬರು ಅವತ್ತೇ ರಾತ್ರಿ ಪದ್ಯವನ್ನೂ ಬರೆದರು. ಅದನ್ನು ಹರಿದು ಹಾಕಿದ್ದೇವೆ, ಕೇಳಬೇಡಿ. ಹೊರಡುವಾಗ ಒಬ್ಬ, 'ಡಿಸೆಂಬರ್ 6ರೊಳಗೆ ಎದ್ದುಬಿಡು ಮಾರಾಯಾ, ತಮಟೆಗೆ ನೀನೇ ಬೇಕು' ಅಂದ. ಪ್ರೀತಿಯಿಂದಲೇ ಅಂದದ್ದು. ಅವನು ಏನೂ ಮಾತಾಡಲಿಲ್ಲ, ಗೋಡೆಯ ಕಡೆ ತಿರುಗಿದ. ಎಷ್ಟೋ ದಿನ ಆದ ಮೇಲೆ ನಮ್ಮನ್ನು ಕೇಳಿದ: 'ತಮಟೆ ಬಡಿಯಾಕೆ ಮಾತ್ರ ನಾನಾ?'

ಇದಕ್ಕೆ ಉತ್ತರ ಕೊಡಲು ನಮಗೆ ಆಗಲಿಲ್ಲ.

ಆಪರೇಶನ್ನಿನಲ್ಲಿ ತೂತಾದ ಕರುಳನ್ನು ತಕ್ಷಣಕ್ಕೆ ಹೊಲಿದು ಒಳಗೆ ಬಿಡಲು ಆಗಿರಲಿಲ್ಲ. ಹೊಟ್ಟೆಯ ಬಲಭಾಗದಲ್ಲಿ ರಂಧ್ರ ಮಾಡಿ ಕರುಳಿನ ಬಾಯನ್ನು ಹೊರಗೆ ತಂದಿದ್ದರು. ಅದರ ಮೇಲೊಂದು ಚೀಲ. ಮಲವೆಲ್ಲ ಅದರೊಳಗೆ. ಗಟ್ಟಿಯಲ್ಲ, ನೀರು ನೀರಾಗಿ ಹಗಲೂ ರಾತ್ರಿ ಬರುತ್ತಲೇ ಇರುತ್ತದೆ. ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಕೆಂಪಾಗಿ ಸುಲಿಯುತ್ತದೆ. ಉಪ್ಪು ನೀರು ಎಲ್ಲ ಅದರಲ್ಲೇ ಹೋಗಿಬಿಡುವುದರಿಂದ ಎಷ್ಟು ಹೋಯಿತು ಎಂದು ಅಳೆದು ಬರೆಯಬೇಕು, ಅಷ್ಟನ್ನು ಮೈಗೆ ತುಂಬಿಸಬೇಕು. ಅವನ ತಾಯಿ ಕೂಲಿ ಬಿಟ್ಟು ಬಂದು ಎಂಟು ದಿನ ಹಗಲು ರಾತ್ರಿ ನಿಂತರು. ಊರಲ್ಲಿ ಇನ್ನೊಂದು ಮಗು, ಹಟ್ಟಿಯಲ್ಲಿ ಎರಡು ಆಡು. ಅವರು ಹೋಗಿ ಬಂದು ಮಾಡತೊಡಗಿದ ಮೇಲೆ ರಾತ್ರಿ ನಮ್ಮ ಪಾಲಿಗೆ ಬಂತು.

ಮೊದಲ ರಾತ್ರಿಯೇ ಚೀಲ ಅಂಚಿನಲ್ಲಿ ಬಿಟ್ಟುಕೊಂಡು ಹಾಸಿಗೆಯೆಲ್ಲ ಆಯಿತು. ನಾವಿಬ್ಬರು ಏನು ಮಾಡಿದೆವು ಗೊತ್ತೆ? ಮೂಗಿಗೆ ಟವಲು ಒತ್ತಿಕೊಂಡು ವರಾಂಡಕ್ಕೆ ಓಡಿ 'ಆಯಾ, ಆಯಾ' ಎಂದು ಕೂಗಿದೆವು.

ಬಂದವರು ಗುತ್ತಿಗೆಯ ಮೇಲೆ ವಾರ್ಡು ತೊಳೆಯುವ ಹೆಂಗಸು. ನಮ್ಮವರೇ. ನಮ್ಮ ತಾಯಂದಿರ ವಯಸ್ಸು. ಅವರು ಹಾಸಿಗೆ ನೋಡಿದರು, ನಮ್ಮನ್ನು ನೋಡಿದರು. 'ನಿಮ್ ದೋಸ್ತನೇ ತಾನೇ? ಓದೋ ಮಕ್ಳು, ನಿಮ್ಗೂ ಇದ ಎತ್ತಾಕೆ ನಾನೇ ಬರ್ಬೇಕಾ?' ಅಂದರು. ಸಿಟ್ಟೇನೂ ಇರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿರುತ್ತಿತ್ತು.

ಗೆಳೆಯರೇ, ನಾವು ಯಾರು? 1993ರಲ್ಲಿ ಕಾಯ್ದೆ ಬಂತು, ಆದರೂ ನಿಲ್ಲಲಿಲ್ಲ, 2013ರಲ್ಲಿ ಇನ್ನೊಂದು ಕಾಯ್ದೆ ಬಂತು, ಆದರೂ ನಮ್ಮ ಜನ ಗುಂಡಿಗಿಳಿದು ಸಾಯುತ್ತಿದ್ದಾರೆ ಎಂದು ಹಾಸ್ಟೆಲ್ ಹಾಸ್ಟೆಲ್ಲಿಗೆ ಹೋಗಿ ಭಾಷಣ ಮಾಡಿದವರು. 2010ರಲ್ಲಿ ಸವಣೂರಿನ ಭಂಗಿ ಕುಟುಂಬದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡದ್ದನ್ನು ಕಣ್ಣಲ್ಲಿ ನೀರು ಹಾಕಿಕೊಂಡು ವರ್ಣಿಸಿದವರು. ನಮ್ಮ ಸ್ವಂತ ಗೆಳೆಯನ ಮಲ ಕಂಡ ಕೂಡಲೇ ನಮ್ಮ ಬಾಯಿಂದ ಬಂದದ್ದು ಆ ತಾಯಿಯನ್ನು ಕರೆಯುವ ಕೂಗು. ಬಿ.ಎ. ಡಿಗ್ರಿ ನಮಗೆ ಇಷ್ಟು ಬೇಗ ಇದನ್ನು ಕಲಿಸಿಬಿಟ್ಟಿತ್ತು. ಯಾರ ಕೈ ಯಾವುದಕ್ಕೆ ಎಂಬ ಪಾಠ ಮನುವಿನ ಪುಸ್ತಕದಲ್ಲಿ ಮಾತ್ರ ಇದೆ ಎಂದು ತಿಳಿದಿದ್ದೆವು.

ಅವರೇ ಕಲಿಸಿದರು. ಚೀಲ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಬೇಕು, ಭಾರಕ್ಕೆ ಕಿತ್ತು ಬರುವತನಕ ಕಾಯಬಾರದು. ಉಗುರು ಬೆಚ್ಚಗಿನ ನೀರಲ್ಲಿ ಸುತ್ತ ಒರೆಸಬೇಕು, ಉಜ್ಜಬಾರದು, ಒಣಗಿದ ಮೇಲೆ ಹೊಸ ಚೀಲ ಅಂಟಿಸಬೇಕು. ನರ್ಸಮ್ಮ ಹಗಲು ಹೇಳಿದ್ದು ಇದನ್ನೇ. ನಾವು ತಲೆಯಾಡಿಸಿದ್ದೆವು, ಕಿವಿಗೆ ಹಾಕಿಕೊಂಡಿರಲಿಲ್ಲ. ಮೂರನೇ ರಾತ್ರಿಗೆ ಕೈ ಪಳಗಿತು. ವಾಸನೆ ಇರುತ್ತದೆ. ಇರಲಿ. ನಮಗಿಂತ ಅವನ ಮೂಗಿಗೆ ಅದು ಹತ್ತಿರ.

ವಿನಯ ಪಿಟಕದ ಮಹಾವಗ್ಗದಲ್ಲಿ ಒಂದು ಪ್ರಸಂಗವಿದೆ. ಒಬ್ಬ ಭಿಕ್ಕುವಿಗೆ ಅತಿಸಾರ. ತನ್ನ ಮಲಮೂತ್ರದಲ್ಲೇ ಬಿದ್ದಿರುತ್ತಾನೆ. ಬುದ್ಧ ಆನಂದನ ಜೊತೆ ಆ ಕಡೆ ಬರುತ್ತಾನೆ. ಯಾರೂ ನೋಡಿಕೊಳ್ಳುತ್ತಿಲ್ಲವೇ ಎಂದು ಕೇಳುತ್ತಾನೆ. ಇಲ್ಲ ಎನ್ನುತ್ತಾನೆ ಆ ಭಿಕ್ಕು, ಏಕೆಂದರೆ ನನ್ನಿಂದ ಅವರಿಗೆ ಯಾವ ಉಪಕಾರವೂ ಇಲ್ಲ. ಬುದ್ಧ ನೀರು ಹೊಯ್ಯುತ್ತಾನೆ, ಆನಂದ ತೊಳೆಯುತ್ತಾನೆ. ತಲೆ ಕಡೆ ಒಬ್ಬ, ಕಾಲು ಕಡೆ ಒಬ್ಬ ಹಿಡಿದು ಎತ್ತಿ ಮಂಚಕ್ಕೆ ಹಾಕುತ್ತಾರೆ. ಆಮೇಲೆ ಸಂಘದವರನ್ನೆಲ್ಲ ಕರೆದು ವಿಚಾರಿಸಿದಾಗ ಅವರೂ ಅದೇ ಉತ್ತರ ಕೊಡುತ್ತಾರೆ. ಅವನಿಂದ ನಮಗೇನೂ ಪ್ರಯೋಜನವಿಲ್ಲ ಎಂದು. ನಾವು ಬುದ್ಧನ ಫೋಟೋ ಹಾಸ್ಟೆಲ್ ರೂಮಿನಲ್ಲಿ ಅಂಟಿಸಿಕೊಂಡವರು. ಆ ಸಂಘದ ಭಿಕ್ಕುಗಳಿಗೂ ನಮಗೂ ಏನು ವ್ಯತ್ಯಾಸ ಇತ್ತು? ತಮಟೆ ಬಡಿಯುವ ತನಕ ಅವನು ಹೋರಾಟಗಾರ. ಬಡಿಯದೆ ಹೋದ ಮೇಲೆ, ಹನ್ನೊಂದನೇ ದಿನಕ್ಕೆ, ಇಬ್ಬರು.

ಇನ್ನೊಂದು ಮಾತು ಹೇಳದೆ ಇರಲಾಗದು. ಪಕ್ಕದ ಮಂಚದಲ್ಲಿ ಒಬ್ಬ ವಯಸ್ಸಾದ ರೋಗಿ, ಅವರಿಗೊಬ್ಬ ಹೆಂಡತಿ. ಬಿಸಿನೀರಿನ ಫ್ಲಾಸ್ಕು ಅವರದು. ಎರಡನೇ ದಿನವೇ ಆ ಅಜ್ಜಿ ಗೆಳೆಯನ ತಾಯಿಯನ್ನು ಕೇಳಿದರು: 'ಯಾವೂರವ್ವ? ಯಾವ ಜನ?' ತಾಯಿ ಬೇರೊಂದು ಜಾತಿ ಹೇಳಿಬಿಟ್ಟರು. ನಮಗೆ ಮೈ ಉರಿಯಿತು. ಹೊರಗೆ ಕರೆದುಕೊಂಡು ಹೋಗಿ ಜೋರು ಮಾಡಿದೆವು. ಯಾಕವ್ವ ಸುಳ್ಳು ಹೇಳಬೇಕು, ಬಾಬಾಸಾಹೇಬರು ಇದಕ್ಕಾ ಹೋರಾಡಿದ್ದು ಎಂದೆಲ್ಲ. ಆ ತಾಯಿ ಕೇಳಿಸಿಕೊಂಡರು. ಕೊನೆಗೆ, 'ನೀವು ಭಾಸ್ಣ ಮಾಡ್ಬುಟ್ಟು ಹಾಸ್ಟೆಲ್ಗೆ ಹೊಂಟೋಯ್ತೀರಿ. ನಡುರಾತ್ರೀಲಿ ಬಿಸ್ನೀರು ಕೇಳಾಕೆ ಆ ವಮ್ಮನ ತಾವ್ಕೆ ನಾನು ಹೋಗ್ಬೇಕು ಕಣ್ರಪ್ಪ' ಅಂದರು.

ಬಾಬಾಸಾಹೇಬರು 'ವೀಸಾಕ್ಕಾಗಿ ಕಾಯುತ್ತಾ' ಬರಹದಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಶಿಕ್ಷಕನ ಕಥೆ ಹೇಳುತ್ತಾರೆ. 1929ರಲ್ಲಿ ಪತ್ರಿಕೆಯಲ್ಲಿ ಬಂದ ಅವನದೇ ಪತ್ರ ಅದು. ಹೆತ್ತ ಬಾಣಂತಿ ಹೆಂಡತಿಗೆ ಜ್ವರ. ಡಾಕ್ಟರು ಮುಟ್ಟುವುದಿಲ್ಲ. ಥರ್ಮಾಮೀಟರನ್ನು ಒಬ್ಬ ಮುಸಲ್ಮಾನನ ಕೈಗೆ ಕೊಟ್ಟು, ಅವನು ಗಂಡನ ಕೈಗೆ ಕೊಟ್ಟು, ಗಂಡ ಹೆಂಡತಿಗೆ ಇಟ್ಟು, ಅದೇ ದಾರಿಯಲ್ಲಿ ವಾಪಸ್ಸು. ಆಕೆ ಸತ್ತಳು. ನಮ್ಮ ಗೆಳೆಯನ ಹೊಟ್ಟೆಯೊಳಗೆ ಕೈ ಹಾಕಿದ ಸರ್ಜನ್ನರು ಅವನ ಜಾತಿ ಕೇಳಲಿಲ್ಲ, ನಾವೂ ಅವರದನ್ನು ಕೇಳಲಿಲ್ಲ. ಅಷ್ಟು ದೂರ ಬಂದಿದ್ದೇವೆ, ನಿಜ. ಆದರೆ ಫ್ಲಾಸ್ಕಿನ ತನಕ ಇನ್ನೂ ಬಂದಿಲ್ಲ. ಆ ತಾಯಿ ಹೇಳಿದ್ದು ತಪ್ಪು ಎಂದು ಬರೆಯಲು ಈಗ ನಮ್ಮ ಕೈ ಏಳುವುದಿಲ್ಲ. ಸರಿ ಎಂದೂ ಬರೆಯಲಾರೆವು. ರಾತ್ರಿ ಹೊತ್ತು ಅಲ್ಲಿ ನಾವಿದ್ದಿದ್ದರೆ, ನಮ್ಮದೇ ಒಂದು ಫ್ಲಾಸ್ಕು ಇದ್ದಿದ್ದರೆ, ಆ ಸುಳ್ಳಿನ ಅಗತ್ಯ ಬೀಳುತ್ತಿರಲಿಲ್ಲ ಎಂಬುದು ಮಾತ್ರ ಗೊತ್ತು. ಮುನ್ನೂರು ರೂಪಾಯಿ ಒಟ್ಟು ಮಾಡಿ ಮಾರನೇ ದಿನ ಒಂದು ತಂದಿಟ್ಟೆವು. (ಆ ಅಜ್ಜಿಗೆ ಗೊತ್ತಾಗಿರಲಿಲ್ಲವೆಂದೇನೂ ಅಲ್ಲ. ನೀಲಿ ಶಾಲು ಹಾಕಿಕೊಂಡು ಇಪ್ಪತ್ತಾರು ಜನ ಬಂದು ನಿಂತಿದ್ದೆವಲ್ಲ!)

ಗುಣವಾಗುವುದು ಎಂದರೆ ದಿನಾ ಒಂದಿಷ್ಟು ಹುಷಾರಾಗುವುದು ಎಂದು ತಿಳಿದಿದ್ದೆವು. ಹಾಗಲ್ಲ. ಹನ್ನೆರಡನೇ ದಿನ ಹೊಲಿಗೆಯಲ್ಲಿ ಕೀವಾಗಿ ಗಾಯ ಬಾಯಿ ಬಿಟ್ಟಿತು. ದಿನಾ ಎರಡು ಸಲ ಡ್ರೆಸ್ಸಿಂಗು, ದಿನಾ ಎರಡು ಸಲ ಅವನ ಹಲ್ಲು ಕಚ್ಚುವ ಸದ್ದು. ಒಂದು ದಿನ ಗಂಜಿ ತಟ್ಟೆಯನ್ನು ನಮ್ಮ ಮೇಲೆಯೇ ಎಸೆದ. ಇನ್ನೊಂದು ದಿನ, 'ನನ್ನ ಊರಿಗೆ ಕಳಿಸಿಬುಡಿ, ಸಾಯೋದಾದ್ರೆ ಅಲ್ಲೇ ಸಾಯ್ತೀನಿ' ಎಂದು ಹಟ ಹಿಡಿದ. ಹಿಡಿ ಹಿಡಿ ಕೂದಲು ಉದುರಿತು. ತೋಳು ನೋಡಿದರೆ ತಮಟೆಯ ಕೋಲಿನಷ್ಟಿತ್ತು. ಅಂಥ ಹೊತ್ತಿನಲ್ಲಿ ಧೈರ್ಯದ ಮಾತು ಯಾವುದೂ ಕೆಲಸಕ್ಕೆ ಬರಲಿಲ್ಲ. ಸುಮ್ಮನೆ ಪಕ್ಕದಲ್ಲಿ ಕೂತು ಕ್ರಿಕೆಟ್ ಸ್ಕೋರು ಹೇಳುವುದು, ಕಾಲು ಒತ್ತುವುದು, ಮೆಸ್ಸಿನ ಸಾರಿನ ಸುದ್ದಿ ಹೇಳುವುದು ಕೆಲಸಕ್ಕೆ ಬಂತು. ಮೊದಲ ಸಲ ಅವನು ನಕ್ಕದ್ದು ಮೆಸ್ಸಿನ ಸಾರಿಗೇ.

ಮೂವತ್ತೊಂದು ದಿನಕ್ಕೆ ಡಿಸ್ಚಾರ್ಜ್ ಆಯಿತು. ಚೀಲ ಇಟ್ಟುಕೊಂಡೇ ಊರಿಗೆ ಹೋದ. ಮೂರು ತಿಂಗಳಾದ ಮೇಲೆ ಮತ್ತೆ ಬಂದು, ಇನ್ನೊಂದು ಆಪರೇಶನ್ನಿನಲ್ಲಿ ಕರುಳನ್ನು ಜೋಡಿಸಿ ಒಳಗೆ ಹಾಕಿದರು. ಆ ಸಲ ನಾವು ಶಾಲು ಹಾಕಿಕೊಂಡು ಹೋಗಲಿಲ್ಲ. ನೋಟ್ ಬುಕ್ಕಿನ ಹಾಳೆಯಲ್ಲಿ ಪಾಳಿ ಬರೆದು ಹಾಸ್ಟೆಲ್ಲಿನ ಗೋಡೆಗೆ ಅಂಟಿಸಿದೆವು. ಬೆಳಿಗ್ಗೆ ಒಬ್ಬ, ಮಧ್ಯಾಹ್ನ ಒಬ್ಬ, ರಾತ್ರಿ ಇಬ್ಬರು. ಪರೀಕ್ಷೆ ಇದ್ದವರ ಹೆಸರು ಬಿಟ್ಟೆವು. ವಾಸನೆ ಆಗುವುದಿಲ್ಲ ಎಂದವರ ಹೆಸರು ಬಿಡಲಿಲ್ಲ. ಇಬ್ಬರು ಜಗಳ ಮಾಡಿಕೊಂಡು ಹೋದರು. 'ಇದೂ ಒಂದು ಚಳುವಳಿಯಾ?' ಎಂದು ಒಬ್ಬ ಹಿರಿಯರು ಕೇಳಿದರು. ಅವರಿಗೆ ರಾತ್ರಿ ಪಾಳಿಗೆ ಬನ್ನಿ ಎಂದೆವು. ಬರಲಿಲ್ಲ.

ಹಾಜರಾತಿ ಸಾಲದೆ ಅವನಿಗೆ ಒಂದು ವರ್ಷ ಹೋಯಿತು. ಈಗ ನಡೆದಾಡುತ್ತಾನೆ, ಓದುತ್ತಾನೆ. ತಮಟೆಯನ್ನು ಇನ್ನೂ ಹೆಗಲಿಗೆ ಹಾಕಿಲ್ಲ. ನಾವೂ ಕೇಳಿಲ್ಲ.

ಇದನ್ನು ಸ್ಟೆನ್ಸಿಲ್ಲಿಗೆ ಹಾಕುವ ಹೊತ್ತಿಗೆ ಇನ್ನೊಂದು ಸುದ್ದಿ ಬಂದಿದೆ. ಮೊದಲ ವರ್ಷದ ಒಬ್ಬ ಹುಡುಗ ಕಾಮಾಲೆಯಾಗಿ ಅಡ್ಮಿಟ್ ಆಗಿದ್ದಾನೆ. ಮೂರು ತಿಂಗಳ ಹಿಂದೆ ಹಾಸ್ಟೆಲ್ ಸೇರಿದವನು. ಸಭೆಗೆ ಬಂದವನಲ್ಲ, ಘೋಷಣೆ ಕೂಗಿದವನಲ್ಲ, ನಮ್ಮಲ್ಲಿ ಯಾರಿಗೂ ಸರಿಯಾಗಿ ಪರಿಚಯವಿಲ್ಲ. ಗೋಡೆಗೆ ಹಾಳೆ ಅಂಟಿಸಿದ್ದೇವೆ. ಶನಿವಾರದವರೆಗೆ ಹೆಸರು ಬಿದ್ದಿವೆ. ಭಾನುವಾರದ ರಾತ್ರಿ ಖಾಲಿ ಇದೆ.